ಉಡಚವ್ವನ ಐದು ಬಾಗಿಲು

ಶಿವರಾತ್ರಿಗೆ ಇನ್ನು ಎಂಟು ದಿನ. ಚಳಿ ಗಂಟುಮೂಟೆ ಕಟ್ಟಿಕೊಂಡು ಹೊರಟಿತು ಎಂದು ಬೆಂಗೇರಿಯ ಜನ ಅಂದುಕೊಳ್ಳುವಷ್ಟರಲ್ಲಿ, ಈ ಸೋಮವಾರ ಅದು ಅರ್ಧ ದಾರಿಯಿಂದ ತಿರುಗಿ ಬಂದಿದೆ. ಓಣಿಯ ಈ ತುದಿಯಲ್ಲಿ ನಿಂತರೆ ಆ ತುದಿಯ ಬೇವಿನ ಮರ ಕಾಣದಷ್ಟು ಮಂಜು. ತಗಡಿನ ಮಾಡಿನ ಅಂಚಿನಿಂದ ಇಬ್ಬನಿ ಒಂದೊಂದೇ ಹನಿಯಾಗಿ ತೊಟ್ಟಿಕ್ಕುತ್ತಿದೆ. ಆ ಮಾಡಿನ ಕೆಳಗೆ ನಾಲ್ಕು ಒಲೆ ಉರಿಯುತ್ತಿವೆ. ನಾಲ್ಕರ ಮುಂದೆಯೂ ಜೋಳದ ರೊಟ್ಟಿ ಬಡಿಯುವ ಸಪ್ಪಳ.

ಬಡಿಯುವವರಲ್ಲಿ ಇಬ್ಬರು ಹೆಂಗಸರು, ಇಬ್ಬರು ಗಂಡಸರು. ಅವರ ನಡುವೆ ಅರವತ್ಮೂರು ವರ್ಷದ ಉಡಚವ್ವ ಕುಳಿತಿದ್ದಾರೆ. ಹಿಟ್ಟಿಗೆ ಕುದಿಯುವ ಎಸರು ಹಾಕಿ, ನಾದಿ, ಉಂಡೆ ಮಾಡಿ ಕೊಡುವುದು ಅವರ ಕೆಲಸ. ಕಣ್ಣು ಮಾತ್ರ ರೊಟ್ಟಿಗಳ ಅಂಚಿನ ಮೇಲೆ.

“ನಿನ್ನಿ ಯಾರು ಎಲ್ಲಿ ಹೋಗಿದ್ರು ಅಂತ ನಾ ಕೇಳೂದಿಲ್ರಿ,” ಎನ್ನುತ್ತಾರೆ. “ಅಂಚು ನೋಡತೇನಿ. ಕೈ ನಡುಗಿದ್ರ ಅಂಚು ಸೀಳತೈತಿ. ಆಮ್ಯಾಲ ಕೇಳೂದು ಏನ ಉಳೀತೈತಿ?”

ಈ ಇಬ್ಬರು ಗಂಡಸರು ಕುಡಿತ ಬಿಟ್ಟು ಬಂದವರು. ಲೋಹಿತನಿಗೆ ಇಪ್ಪತ್ತೇಳು, ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಯಂತ್ರದ ಮುಂದೆ ನಿಲ್ಲುತ್ತಿದ್ದವನು, ಕುಡಿತದ ಜೊತೆ ಗುಳಿಗೆಯ ಚಟಕ್ಕೂ ಬಿದ್ದವನು. ಇಲ್ಲಿಗೆ ಬಂದು ಐದು ವಾರವಾಗಿದೆ. ಯಂಕಣ್ಣನಿಗೆ ನಲವತ್ತೊಂದು, ಕಸುಬಿನಿಂದ ಗೌಂಡಿ. ಇವತ್ತಿಗೆ ಎಂಬತ್ತೆಂಟನೆಯ ದಿನ. ಇಟ್ಟಿಗೆಯ ಸಾಲು ಎಳೆದಂತೆ ನೇರ ಕಟ್ಟುತ್ತಿದ್ದ ಕೈಗೆ ರೊಟ್ಟಿ ಮಾತ್ರ ದುಂಡಗೆ ಬರುವುದಿಲ್ಲ.

“ಕಾಕಾ, ಇದು ರೊಟ್ಟಿ ಅಲ್ಲ, ಮುಗದದ ಕೆರಿ,” ಎನ್ನುತ್ತಾನೆ ಲೋಹಿತ. “ಹೆಂಡತಿ ಊರು ನೆನಪಾತೇನು?”

“ನಿನ್ನ ರೊಟ್ಟಿ ನೋಡಿಕೊಳ್ಳೋ ಮಗನ. ಅದರಾಗ ತೂತು ಬಿದ್ದೈತಿ.”

ಎಲ್ಲರೂ ನಗುತ್ತಾರೆ, ಯಂಕಣ್ಣನೊಬ್ಬನನ್ನು ಬಿಟ್ಟು. ಅವನ ಹೆಂಡತಿ ಪ್ರಭಾವತಿ ಒಂದೂವರೆ ವರ್ಷದಿಂದ ಮಗಳು ಸೃಷ್ಟಿಯನ್ನು ಕರೆದುಕೊಂಡು ಮುಗದದ ತವರಿನಲ್ಲಿದ್ದಾಳೆ. ಇವತ್ತು ಮೊದಲ ಬಸ್ಸಿಗೆ ಬರುತ್ತಿದ್ದಾಳೆ, ತಿರುಗಿ ಬಂದು ಸಂಸಾರ ಹೂಡಬೇಕೋ ಬೇಡವೋ ಎಂದು ಕೇಳಿ ತಿಳಿಯಲು. ಕೇಳುವುದು ಗಂಡನನ್ನಲ್ಲ, ಉಡಚವ್ವನನ್ನೂ ಅಲ್ಲ. ಐದು ಮನೆಗಳನ್ನು.

ಆ ಐದು ಮನೆಯ ಕಟ್ಟಳೆ ಉಡಚವ್ವನದೇ. ಅವರ ತಾಯಿ ಯಲ್ಲಮ್ಮನ ಹೆಸರಿನಲ್ಲಿ ಮಂಗಳವಾರ, ಶುಕ್ರವಾರ ಐದು ಮನೆ ಜೋಗ ಬೇಡುತ್ತಿದ್ದವರು. ಕೆಲವು ಮನೆಗಳಲ್ಲಿ ಅವರಿಗೆ ಹಿತ್ತಲ ಬಾಗಿಲು ಮಾತ್ರ ತೆರೆಯುತ್ತಿತ್ತು. “ನಮ್ಮವ್ವ ಐದು ಮನಿ ಬೇಡತಿದ್ದಳು. ಇವರು ಐದು ಮನಿಗೆ ಕೊಟ್ಟು ಬರ್ಲಿ ಅನಸ್ತು. ಅದೂ ಮುಂದಿನ ಬಾಗಲಕ್ಕ.”

ಅವರ ಮಾಡಿನ ಕೆಳಗೆ ಸೇರಿದ ಪ್ರತಿಯೊಬ್ಬನಿಗೂ ಐದು ಮನೆಗಳನ್ನು ಗೊತ್ತುಮಾಡಲಾಗುತ್ತದೆ. ದಿನವೂ ಬೆಳಗ್ಗೆ ಏಳೂವರೆಯೊಳಗೆ, ತಾನೇ ಬಡಿದ ರೊಟ್ಟಿಯನ್ನು ಆ ಮನೆಯವರ ಕೈಗೆ ಕೊಟ್ಟು, ಎರಡು ಮಾತಾಡಿ ಬರಬೇಕು. ಏಳೂವರೆ ದಾಟಿದರೆ ಆ ಮನೆಗಳಿಂದ ಉಡಚವ್ವನಿಗೆ ಫೋನು ಬರುತ್ತದೆ. “ಕುಡುಕನ್ನ ಯಾರೂ ಹುಡುಕೂದಿಲ್ರಿ. ರೊಟ್ಟಿ ಬರ್ಲಿಲ್ಲಂದ್ರ ಹುಡುಕತಾರ,” ಎಂದು ಅವರು ಎಸರಿನ ಪಾತ್ರೆ ಇಳಿಸುತ್ತಾರೆ.

ಕೈಗೇ ಕೊಡಬೇಕು ಎಂಬ ಮಾತು ಮೊದಲು ಇರಲಿಲ್ಲ. ಆರು ವರ್ಷದ ಹಿಂದೆ ಗುರುಶಿದ್ದಪ್ಪ ಎಂಬವನು ಎರಡು ತಿಂಗಳು ಒಂದು ದಿನವೂ ತಪ್ಪಿಸದೆ ರೊಟ್ಟಿ ಮುಟ್ಟಿಸಿದ. ಅವನ ಹೆಂಡತಿ ಬಂದು ಕೇಳಿದಾಗ ಉಡಚವ್ವ ಎದೆ ತಟ್ಟಿ, “ಬಂಗಾರದಂಥಾ ಮನಷ್ಯಾ ಆಗ್ಯಾನ, ಹೋಗ್” ಎಂದು ಕಳಿಸಿಕೊಟ್ಟರು. ಅವನೋ ರೊಟ್ಟಿಯ ಚೀಲವನ್ನು ಬಾಗಿಲ ಚಿಲಕಕ್ಕೆ ನೇತುಹಾಕಿ, ಯಾರಿಗೂ ಮುಖ ತೋರಿಸದೆ, ನೇರ ಮದ್ಯದಂಗಡಿಗೆ ಹೋಗುತ್ತಿದ್ದ. ಹದಿನೈದು ದಿನಕ್ಕೆ ಆ ಹೆಣ್ಣುಮಗಳು ತಲೆಗೆ ಹೊಲಿಗೆ ಹಾಕಿಸಿಕೊಂಡು ಮತ್ತೆ ತವರಿಗೆ ಹೋದಳು.

“ಅಕಿ ನನ್ನ ಮಾತಿಗೆ ಹೋದಾಕಿ,” ಎನ್ನುತ್ತಾರೆ ಉಡಚವ್ವ. “ಅವತ್ತಿನಿಂದ ನಾ ಯಾರ ಪರವಾಗಿನೂ ಹೇಳೂದಿಲ್ಲ. ದಿನಾ ಮಾರಿ ನೋಡಿದವರು ಹೇಳ್ಬೇಕು.”

ಉಡಚವ್ವನ ಗಂಡ ಹೊಳೆಯಪ್ಪ ಮಾರುಕಟ್ಟೆಯಲ್ಲಿ ಹಮಾಲಿ ಮಾಡುತ್ತಿದ್ದವರು, ಕುಡಿತದಿಂದಲೇ ತೀರಿಕೊಂಡರು. ಅದಕ್ಕೆ ಮೊದಲು ಒಮ್ಮೆ ಕಾಮಾಲೆಯಾಗಿ ಏಳು ತಿಂಗಳು ಹನಿ ಮುಟ್ಟಿರಲಿಲ್ಲ. ಆಗ ಇಡೀ ಓಣಿ ಮನೆಗೆ ಬರುತ್ತಿತ್ತು. ಒಬ್ಬರು ಗಂಜಿ ತಂದರೆ ಇನ್ನೊಬ್ಬರು ನಾಟಿ ಔಷಧಿಯ ಹೆಸರು ತರುತ್ತಿದ್ದರು. “ಜಡ್ಡಾದಾಗ ಎಲ್ಲಾರೂ ಬಂದ್ರು. ಆರಾಮಾದ ಮ್ಯಾಲ ಒಬ್ಬರೂ ಬರ್ಲಿಲ್ಲ. ನಮ್ಮ ಮನಿಯವರು ಎರಡ ವಾರ ಕಟ್ಟಿ ಮ್ಯಾಲ ಕುಂತು ದಾರಿ ನೋಡಿದ್ರು. ಮೂರನೇ ವಾರ ಎದ್ದು ದಾರು ಅಂಗಡಿಗೆ ಹೋದ್ರು.”

ಒಂಬತ್ತು ವರ್ಷದಲ್ಲಿ ಈ ಮಾಡಿನ ಕೆಳಗೆ ನಲವತ್ಮೂರು ಮಂದಿ ರೊಟ್ಟಿ ಬಡಿದಿದ್ದಾರೆ. ಈ ಸಂಖ್ಯೆ ಉಡಚವ್ವನಿಗೆ ಗೊತ್ತಿಲ್ಲ. ಬರೆದಿಟ್ಟವರು ಆಸ್ಪತ್ರೆಯೊಂದರ ಆಪ್ತಸಮಾಲೋಚಕಿ ಹುಮಾ. ವರ್ಷ ದಾಟಿ ಗಟ್ಟಿಯಾಗಿ ನಿಂತವರು ಇಪ್ಪತ್ನಾಲ್ಕು. ಬಿದ್ದು, ಮತ್ತೆ ಎದ್ದು ಬಂದವರು ಒಂಬತ್ತು. ಇಬ್ಬರು ತೀರಿಕೊಂಡರು. ಈಗಿರುವ ಇಬ್ಬರನ್ನು ಬಿಟ್ಟು ಉಳಿದವರ ಸುದ್ದಿಯಿಲ್ಲ. “ಕುಡಿತ ಒಮ್ಮೆಲೇ ಬಿಟ್ಟರ ಮೈ ತಡಕೊಳ್ಳೂದಿಲ್ಲ, ಫಿಟ್ಸ್ ಬರಬಹುದು. ಹಂಗಾಗಿ ದವಾಖಾನಿ ಚೀಟಿ ಇಲ್ಲದವರನ್ನ ಉಡಚಕ್ಕ ಒಳಗ ಬಿಟ್ಟುಕೊಳ್ಳೂದಿಲ್ಲ,” ಎನ್ನುತ್ತಾರೆ ಹುಮಾ. “ಔಷಧಾ ನಾವು ಕೊಡತೇವಿ. ಮನಿಗೆ ಹೋದ ಮ್ಯಾಲ ಮುಂಜಾನೆ ಎದ್ದು ಎಲ್ಲಿಗೆ ಹೋಗ್ಬೇಕು ಅನ್ನೂದನ್ನ ನಾವು ಹೆಂಗ ಕೊಡೂದು? ಅದು ಇವರ ಕಡೆ ಐತಿ.”

ಮಾರುವ ರೊಟ್ಟಿಯೂ ಸೇರಿ ದಿನಕ್ಕೆ ನಾನೂರಿಪ್ಪತ್ತು. ಎಂಟು ಗಂಟೆಗೆ ಒಲೆ ಆರುತ್ತದೆ. ಗಂಡಸರು ತಮ್ಮ ತಮ್ಮ ದುಡಿಮೆಗೆ ಹೋಗುತ್ತಾರೆ, ಉಡಚವ್ವ ಬೆನ್ನು ಚಾಚುತ್ತಾರೆ. ನಿಮಗೇನು ಬೇಕು ಎಂದು ಕೇಳಿದರೆ, “ಒಂದಿನ ನಾ ಏಳಲಿಲ್ಲಂದ್ರ ಯಾರರ ಬಂದು ಬಾಗಲಾ ಬಡೀಬೇಕ್ರಿ. ಅಷ್ಟ,” ಎನ್ನುತ್ತಾರೆ.

ಮಂಜು ಕರಗುವ ಹೊತ್ತಿಗೆ, ಏಳರ ಸುಮಾರಿಗೆ, ಪ್ರಭಾವತಿ ಬರುತ್ತಾಳೆ. ಕೈಯಲ್ಲಿ ಒಂದು ಚೀಲ. ಸಂಜೆ ನಾಲ್ಕರ ಬಸ್ಸಿಗೆ ತಿರುಗಿ ಹೋಗುವವಳ ಚೀಲ. ಗಂಡನ ಮುಖ ನೋಡುವುದಿಲ್ಲ. ಅವನು ಬಡಿದ ರೊಟ್ಟಿಯ ಗಂಟನ್ನು ನೋಡುತ್ತಾಳೆ.

“ನೀವ ಹೇಳಿಬಿಡ್ರಿ ಯಕ್ಕಾ. ನಿಮ್ಮ ಮಾತ ಸಾಕು.”

“ನಾ ಹೇಳೂದಿಲ್ಲ ತಂಗಿ. ನಡಿ, ಮನಿ ತೋರಸ್ತೇನಿ.”

ಮೂವರೂ ಹೊರಡುತ್ತಾರೆ. ಯಂಕಣ್ಣ ಮುಂದೆ, ಹತ್ತು ಹೆಜ್ಜೆ ಹಿಂದೆ ಹೆಂಗಸರು. ಮೊದಲ ಮನೆಯಲ್ಲಿ ಗುಲ್ನಾಜ ಎಂಬ ಹೊಲಿಗೆಯವರು ರೊಟ್ಟಿ ಎಣಿಸಿಕೊಂಡು, “ಬರ್ತಾನ್ರಿ, ದಿನಾ ಬರ್ತಾನ. ಮಾತು ಕಡಿಮಿ, ಮೆಣಸಿನಕಾಯಿ ಚಟ್ನಿ ಮರೀತಾನ,” ಎನ್ನುತ್ತಾರೆ. ಎರಡನೆಯ ಮನೆಯವರು, ಜ್ವರ ಬಂದ ದಿನವೂ ಶಾಲು ಹೊದ್ದು ಬಂದಿದ್ದ ಎಂದು ನೆನೆಯುತ್ತಾರೆ. ಮೂರು, ನಾಲ್ಕನೆಯ ಮನೆಗಳಲ್ಲೂ ಇಂಥವೇ ಮಾತು. ಪ್ರಭಾವತಿ ಎಲ್ಲ ಕೇಳಿಸಿಕೊಳ್ಳುತ್ತಾಳೆ, ತಲೆಯಾಡಿಸುವುದಿಲ್ಲ. ಈ ನಾಲ್ಕು ಮನೆಯವರು ಮೊದಲಿನ ಯಂಕಣ್ಣನನ್ನು ಕಂಡವರೇ ಅಲ್ಲ.

ಅದಕ್ಕೇ ಐದನೆಯದು. ಐದನೆಯದು ಆ ಮನುಷ್ಯನಿಂದ ನೊಂದ ಮನೆಯೇ ಆಗಿರಬೇಕು ಎಂಬುದು ಉಡಚವ್ವನ ಕಟ್ಟಳೆ. ಯಂಕಣ್ಣನ ಪಾಲಿಗೆ ಅದು ಗೋದಾಬಾಯಿಯವರ ಮನೆ. ಎಪ್ಪತ್ನಾಲ್ಕು ವರ್ಷದ ಅವರು ಹೆಣ್ಣುಮಕ್ಕಳ ಶಾಲೆಯಲ್ಲಿ ಸಂಗೀತ ಕಲಿಸಿ ನಿವೃತ್ತರಾದವರು, ಓಣಿಗೆಲ್ಲ ಅಕ್ಕೋರು. ಎರಡು ವರ್ಷದ ಹಿಂದೆ ಅವರ ಮುಂಬಾಗಿಲಿನ ಮೂರು ಕಲ್ಲಿನ ಪಾವಟಿಗೆಗಳು, ಅಂದರೆ ಮೆಟ್ಟಿಲುಗಳು, ಸಡಿಲಾಗಿದ್ದವು. ಎರಡು ದಿನದಲ್ಲಿ ಕೂಡಿಸಿಕೊಡುತ್ತೇನೆಂದು ಯಂಕಣ್ಣ ಅವನ್ನು ಕಿತ್ತ. ಮರುದಿನ ಕುಡಿಯಲು ಹೋದವನು ಬರಲೇ ಇಲ್ಲ. ರೂಢಿಯ ಮೇಲೆ ಬಾಗಿಲು ತೆರೆದು ಕಾಲಿಟ್ಟ ಗೋದಾಬಾಯಿ ಬಿದ್ದರು. ಎಡ ಮುಂಗೈ ಮುರಿಯಿತು. ಕೂಡಿದ ಮೇಲೂ ಹಾರ್ಮೋನಿಯಂನ ತಿದಿ ಒತ್ತುವಷ್ಟು ಅದು ತಿರುಗುವುದಿಲ್ಲ. ಅಂದು ಹಾಕಿದ ಅಗುಳಿಯನ್ನು ಅವರು ತೆಗೆದಿಲ್ಲ; ಹಿತ್ತಲಿನಿಂದಲೇ ಓಡಾಟ.

ಎಂಬತ್ತೇಳು ದಿನ ಯಂಕಣ್ಣ ಆ ಮುಂಬಾಗಿಲ ಮುಂದೆ ನಿಂತಿದ್ದಾನೆ. ಎಂಬತ್ತೇಳು ದಿನವೂ ಸೊಳ್ಳೆಪರದೆ ಬಡಿದ ಕಿಟಕಿಯ ಹಿಂದಿನಿಂದ “ಅಲ್ಲೇ ಇಡು” ಎಂಬ ದನಿ ಬಂದಿದೆ. ಇಟ್ಟು ಬರುವಂತಿಲ್ಲವಾದ್ದರಿಂದ ಅವನು ತಿರುಗಿ ತಂದಿದ್ದಾನೆ; ಆಮೇಲೆ ಉಡಚವ್ವನೇ ಹಿತ್ತಲಿಗೆ ಹೋಗಿ ಕೊಟ್ಟಿದ್ದಾರೆ. ಗೋದಾಬಾಯಿಯವರ ಸಿಟ್ಟು ಇಳಿಯಲಿ ಎಂದು ಉಡಚವ್ವ ಕಾಯುತ್ತಿದ್ದರು.

ಇವತ್ತೂ ಅದೇ ದನಿ. “ಅಲ್ಲೇ ಇಡು.”

ಪ್ರಭಾವತಿ ಮುಂದೆ ಬರುತ್ತಾಳೆ. “ಅಕ್ಕೋರ, ನಾ ಇವರ ಮನಿಯಾಕಿ. ನಾಕ ಮನಿಯವರು ಹೇಳಿದ್ರು. ನೀವು ಏನ ಹೇಳ್ತೀರಿ ಕೇಳಾಕ ಬಂದೇನ್ರಿ.”

“ದಿನಾ ಬರ್ತಾನ. ಅದು ಖರೇ ಅದ. ಕುಡದು ಬಂದಿಲ್ಲ, ಅದೂ ಖರೇ.”

“ಮತ್ತ ಯಾಕ್ರಿ ಕೈಯಾಗ ತಗೊಳ್ಳೂದಿಲ್ಲ?”

“ಬಾಗಲಾ ತಗದರ ನಾ ಕಾಲು ಎಲ್ಲಿ ಇಡ್ಲೆವ್ವಾ?”

ಮೂವರೂ ಬಾಗಿಲಿನ ಕೆಳಗೆ ನೋಡುತ್ತಾರೆ. ಹೊಸ್ತಿಲು ಸೊಂಟಮಟ್ಟದಲ್ಲಿದೆ. ಅದರ ಕೆಳಗೆ ಬರಿಯ ಗೋಡೆ.

“ಸಿಟ್ಟು ಅದ, ಇಲ್ಲ ಅನ್ನಂಗಿಲ್ಲ,” ಎನ್ನುತ್ತಾರೆ ಗೋದಾಬಾಯಿ. “ಆದರ ಸಿಟ್ಟು ಇಳದರೂ ನಾ ಇಳೀಲಿಕ್ಕೆ ಬರಬೇಕಲ್ಲ. ಹೊಸ್ತಿಲ ಮ್ಯಾಲಿಂದ ಬಗ್ಗಿದರ ಮತ್ತ ಬಿದ್ದೇನು ಅಂತ ಅಂಜಿಕಿ. ಹಿತ್ತಲಕ್ಕ ಬಾ ಅಂದರ ಉಡಚವ್ವ ಒಪ್ಪೂದಿಲ್ಲ. ಕಿತ್ತವಗ ಗೊತ್ತಿಲ್ಲೇನು ಅಂತ ನಾನೂ ಸುಮ್ಮನಿದ್ದೆ.”

ಉಡಚವ್ವ ಸೆರಗು ಬಾಯಿಗೆ ಹಿಡಿದು ನಿಲ್ಲುತ್ತಾರೆ. ಮುಂದಿನ ಬಾಗಿಲಿಗೇ ಹೋಗಬೇಕೆಂದು ಪಟ್ಟು ಹಿಡಿದವರು ಅವರು. ಆ ಬಾಗಿಲಿಗೆ ಪಾವಟಿಗೆ ಇಲ್ಲವೆಂಬುದು ದಿನವೂ ಕಣ್ಣಿಗೆ ಬೀಳುತ್ತಿತ್ತು, ತಲೆಗೆ ಹೋಗಿರಲಿಲ್ಲ. ತಾಯಿಯನ್ನು ನಿಲ್ಲಿಸುತ್ತಿದ್ದ ಹಿತ್ತಲುಗಳ ನೆನಪೇ ದೊಡ್ಡದಾಗಿತ್ತು.

“ನೀ ಯಾಕ ಕಟ್ಟಲಿಲ್ಲೋ ಯಂಕಣ್ಣ?”

ಅವನು ನೆಲ ನೋಡುತ್ತಾನೆ. “ಬಾಯಿ ಬರ್ಲಿಲ್ಲ ಯಕ್ಕಾ. ಸಾಮಾನು ಹಿಡಕೊಂಡು ಬಂದ್ರ, ರೊಟ್ಟಿ ತಗೋರಿ ಅಂತ ಲಂಚ ಕೊಟ್ಟಂಗ ಆಕ್ಕತಿ ಅನಸ್ತು.”

ಪ್ರಭಾವತಿ ಇಷ್ಟೂ ಮಾತನ್ನು ಕೇಳಿಸಿಕೊಂಡು ಚೀಲವನ್ನು ಪಕ್ಕದ ಮನೆಯ ಕಟ್ಟೆಯ ಮೇಲಿಡುತ್ತಾಳೆ. “ಹಳೇ ಕಲ್ಲು ಎಲ್ಲಿ ಅದಾವ್ರಿ ಅಕ್ಕೋರ?”

ಕಲ್ಲು ಹಿತ್ತಲಲ್ಲೇ ಇವೆ. ಅರ್ಧ ಚೀಲ ಸಿಮೆಂಟು, ಎರಡು ಬುಟ್ಟಿ ಉಸುಕು ಓಣಿಯಲ್ಲೇ ಕಟ್ಟುತ್ತಿರುವ ಮನೆಯಿಂದ ಸಿಗುತ್ತವೆ. ಸಿಮೆಂಟು ಹಚ್ಚುವ ಥಾಪಿಯನ್ನೂ ಅಲ್ಲಿನ ಗೌಂಡಿಯೊಬ್ಬನಿಂದ ಯಂಕಣ್ಣ ಕಡ ತರುತ್ತಾನೆ. ಮದುವೆಯಾದ ಹೊಸದರಲ್ಲಿ ಪ್ರಭಾವತಿ ಅವನ ಕೈಕೆಳಗೆ ದುಡಿದವಳು. ಎಷ್ಟು ಉಸುಕಿಗೆ ಎಷ್ಟು ನೀರು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಅವಳು ಕಲಸುತ್ತಾಳೆ, ಅವನು ಕೂಡಿಸುತ್ತಾನೆ. ಇಬ್ಬರ ನಡುವೆ “ಗಟ್ಟಿ ಆತು”, “ಇನ್ನೊಂದ ಬುಟ್ಟಿ” ಎಂಬುದಕ್ಕಿಂತ ಹೆಚ್ಚಿನ ಮಾತಿಲ್ಲ. ಸಂಸಾರದಲ್ಲಿ ಒಂದೂವರೆ ವರ್ಷದಿಂದ ಆಡಿದ ಮಾತು ಇಷ್ಟೇ.

ಮಧ್ಯಾಹ್ನದ ಹೊತ್ತಿಗೆ ಮೂರು ಪಾವಟಿಗೆ ನಿಲ್ಲುತ್ತವೆ. ಯಂಕಣ್ಣ ಮೇಲೆ ಒದ್ದೆ ಗೋಣಿತಟ್ಟು ಹೊದಿಸುತ್ತಾನೆ. “ಮೂರು ದಿನ ಕಾಲಿಡಬ್ಯಾಡ್ರಿ ಅಕ್ಕೋರ. ದಿನಕ್ಕ ನಾಕ ಸರತಿ ನೀರು ಹೊಡೀಬೇಕು.”

“ಯಾರು ಹೊಡೀತಾರ? ನನ್ನ ಕೈಯಿಂದ ಕೊಡಾ ಎತ್ತೂದು ಆಗೂದಿಲ್ಲ. ನೀ ಹಗಲೆಲ್ಲಾ ಕೆಲಸಕ್ಕ ಹೋಗ್ತಿ.”

“ನಾ ಹೊಡೀತೇನ್ರಿ,” ಎನ್ನುತ್ತಾಳೆ ಪ್ರಭಾವತಿ.

ಉಡಚವ್ವ ಕಣ್ಣೆತ್ತಿ ನೋಡುತ್ತಾರೆ. “ನಾಕ ಗಂಟೆ ಬಸ್ಸು?”

“ಬಸ್ಸು ದಿನಾ ಇರತೈತಿ ಯಕ್ಕಾ.”

ಆ ಸಂಜೆ ಅವಳು ಮುಗದಕ್ಕೆ ಫೋನು ಮಾಡುತ್ತಾಳೆ. ಸೃಷ್ಟಿಯ ಪರೀಕ್ಷೆ ಮುಗಿದ ಮೇಲೆ ನೋಡೋಣ ಎಂಬ ಮಾತಾಗುತ್ತದೆ. ಉಡಚವ್ವನ ಮನೆಯಲ್ಲೇ ಉಳಿದು ಮೂರು ದಿನ, ಹೊತ್ತು ಹೊತ್ತಿಗೆ, ಓಣಿಯ ನಳದಿಂದ ಕೊಡ ತುಂಬಿ ತಂದು ಕಲ್ಲಿಗೆ ನೀರುಣಿಸುತ್ತಾಳೆ.

ಗುರುವಾರ ಬೆಳಗ್ಗೆ ಮಂಜಿಲ್ಲ. ಯಂಕಣ್ಣ ರೊಟ್ಟಿಯ ಗಂಟು ಹಿಡಿದು ಐದನೆಯ ಮನೆಯ ಮುಂದೆ ನಿಲ್ಲುತ್ತಾನೆ. ಉಡಚವ್ವನೂ ಪ್ರಭಾವತಿಯೂ ಸ್ವಲ್ಪ ದೂರದಲ್ಲಿದ್ದಾರೆ. ಒಳಗೆ ಅಗುಳಿ ಎರಡು ಸಲ ಸಿಕ್ಕಿಕೊಂಡು, ಮೂರನೆಯ ಸಲಕ್ಕೆ ಸರಿಯುತ್ತದೆ. ಗೋದಾಬಾಯಿ ಹೊಸ್ತಿಲ ಮೇಲೆ ನಿಂತು, ಗೋಡೆ ಹಿಡಿದು, ಒಂದು ಪಾವಟಿಗೆ ಇಳಿಯುತ್ತಾರೆ. ಕಾಲಿನಿಂದ ಒತ್ತಿ ನೋಡುತ್ತಾರೆ. ಇನ್ನೊಂದು ಇಳಿಯುತ್ತಾರೆ. ಬಲಗೈ ಚಾಚುತ್ತಾರೆ.

ಯಂಕಣ್ಣ ರೊಟ್ಟಿ ಕೊಡುತ್ತಾನೆ.

“ಬಿಸಿ ಅವ,” ಎನ್ನುತ್ತಾರೆ ಅವರು.

“ಹೌದ್ರಿ ಅಕ್ಕೋರ.”

ಅಲ್ಲಿಗೆ ಎರಡು ಮಾತಾಯಿತು. ಅವನು ಹೊರಡಲು ತಿರುಗುವಷ್ಟರಲ್ಲಿ ಗೋದಾಬಾಯಿ ಕಂಕುಳಲ್ಲಿ ಅವುಚಿಕೊಂಡಿದ್ದ ಪತ್ರಿಕೆಯ ಪೊಟ್ಟಣವನ್ನು, ಸರಿಯಾಗಿ ತಿರುಗದ ಎಡಗೈಯಿಂದಲೇ ಅವನ ಮುಂದೆ ಹಿಡಿಯುತ್ತಾರೆ. ಯಂಕಣ್ಣ ಬಿಚ್ಚಿ ನೋಡುತ್ತಾನೆ. ಕಲ್ಲು ಕಿತ್ತ ಸಂಜೆ ಅಂಗಳದಲ್ಲಿ ಬಿಟ್ಟುಹೋಗಿದ್ದ ಅವನ ಥಾಪಿ. ಹಿಡಿಕೆಯಲ್ಲಿ ಅವನ ಹೆಬ್ಬೆರಳು ಕೂರುವ ಜಾಗ ಸವೆದು ತಗ್ಗಾಗಿದೆ. ತುಕ್ಕು ಹಿಡಿಯದಂತೆ ಯಾರೋ ಅದಕ್ಕೆ ಕೊಬ್ಬರಿ ಎಣ್ಣೆ ಸವರಿಟ್ಟಿದ್ದಾರೆ.