ಬೋಜಣ್ಣನ ಪಡ್ಡಾಯಿ ಗಾಳಿ

ಶುಕ್ರವಾರ. ಬೆಳಗಿನ ನಮಾಜಿಗೆ ಹೋದವರು ಇನ್ನೂ ಮನೆಗೆ ಮರಳುತ್ತಿದ್ದಾರೆ. ಕತಾರಿನ ಅಲ್ ವಕ್ರಾ ದಾಟಿ ದಕ್ಷಿಣಕ್ಕೆ ಸಿಗುವ ಒಂದು ವಾಟರ್‌ಸ್ಪೋರ್ಟ್ಸ್ ಕ್ಲಬ್ಬಿನ ದಂಡೆಯಲ್ಲಿ ಬೋಜ ಕಾಂಚನ್ ಮರಳ ಮೇಲೆ ಕುಳಿತು ಹಗ್ಗ ಎಳೆಯುತ್ತಿದ್ದಾರೆ. ಎದುರಿಗೆ ಹಾಯಿ ಹಾಸಿದೆ. ಅದರ ಅಂಚಿನಲ್ಲಿ ತೋಳಿನಂತೆ ಹೊಲಿದ ಕೊಳವೆಯೊಳಗೆ ಕಂಬ ತೂರಿಸಿ, ಬುಡದ ರಾಟೆಗೆ ಹಗ್ಗ ಹಾಕಿ, ಒಂದು ಕಾಲನ್ನು ಬುಡಕ್ಕೆ ಕೊಟ್ಟು, ಹಲ್ಲು ಕಚ್ಚಿ ಎಳೆದಾಗ ಕಂಬ ನಿಧಾನಕ್ಕೆ ಬಾಗುತ್ತದೆ. ಮುದುಡಿದ್ದ ಹಾಯಿ ಬಿಗಿಯುತ್ತದೆ. ಬೆರಳಿನಿಂದ ತಟ್ಟಿ ನೋಡುತ್ತಾರೆ, ಮನಸ್ಸಿಗೆ ಒಪ್ಪದೆ ಮತ್ತಿಷ್ಟು ಎಳೆಯುತ್ತಾರೆ. ಆಮೇಲೆ ಮುಂದಿನ ಹಾಯಿ. ದಂಡೆಯಲ್ಲಿ ಅವರನ್ನು ಬಿಟ್ಟರೆ ಇರುವವನು ನಾನೊಬ್ಬ. ನನಗೆ ಈಜು ಬರುವುದಿಲ್ಲ, ಚಪ್ಪಲಿಯ ಬಾರು ಬಿಟ್ಟರೆ ಬೇರೆ ಗಂಟೂ ಬರುವುದಿಲ್ಲ.

ಗಲ್ಫಿನ ನಮ್ಮವರ ಬಗ್ಗೆ ಪತ್ರಿಕೆಗೆ ಬರೆಯಲು ಹೊರಟರೆ ಎರಡೇ ಕತೆ ಎದುರಾಗುತ್ತವೆ. ಒಂದು ಗೆದ್ದು ಬಂಗಲೆ ಕಟ್ಟಿದವನದು, ಇನ್ನೊಂದು ಮೋಸ ಹೋಗಿ ಬರಿಗೈಲಿ ವಾಪಸಾದವನದು. ಬೋಜಣ್ಣ ಎರಡರಲ್ಲೂ ಇಲ್ಲ, ಅದಕ್ಕೇ ಯಾರ ಕಣ್ಣಿಗೂ ಬಿದ್ದಿಲ್ಲ. ದೋಹಾದ ನಜ್ಮಾದಲ್ಲಿ ಕೆಫೆಟೇರಿಯಾ ನಡೆಸುವ ಉಳ್ಳಾಲದ ಮೂಸಬ್ಬ ಹೇಳದಿದ್ದರೆ ನನಗೂ ತಿಳಿಯುತ್ತಿರಲಿಲ್ಲ. “ಹೆಜಮಾಡಿಯವರೊಬ್ಬರು ಇದ್ದಾರೆ, ಹಾಯಿ ಕಟ್ಟುವ ಕೆಲಸ. ದಿನಾ ಇಲ್ಲೇ ಚಾ ಕುಡಿಯುವುದು. ಬಾಯಿ ಬಿಡುವುದು ಗ್ಲಾಸಿಗೆ ಮಾತ್ರ, ನಮ್ಮ ಹತ್ರ ಬಿಡುವುದಿಲ್ಲ,” ಎಂದಿದ್ದರು ಮೂಸಬ್ಬ. ನನ್ನಂಥ ವಾಚಾಳಿಯನ್ನು ಬೋಜಣ್ಣನ ಜೊತೆ ಕೂರಿಸಿದರೆ ಹೇಗಿರುತ್ತದೆ ಎಂದು ನೋಡುವ ಚಪಲವೂ ಅವರಿಗಿತ್ತು ಅಂತ ಕಾಣುತ್ತದೆ.

ವಿಂಡ್‌ಸರ್ಫಿಂಗ್ ಎಂದರೆ ಹಲಗೆಯ ಮೇಲೆ ನಿಂತು, ಅದಕ್ಕೆ ಸಿಕ್ಕಿಸಿದ ಹಾಯಿಯನ್ನು ಕೈಯಲ್ಲೇ ಹಿಡಿದು, ಗಾಳಿಯ ಬಲದಿಂದ ನೀರಿನ ಮೇಲೆ ಓಡುವ ಆಟ. ಆಡುವವರು ದೋಹಾದ ಎಂಜಿನಿಯರುಗಳು, ಬ್ಯಾಂಕಿನವರು, ಪೈಲಟ್‌ಗಳು. ರಜೆಯ ದಿನ ಅವರಿಗೆ ಇಪ್ಪತ್ತು ಹಾಯಿಗಳಾದರೂ ಸಿದ್ಧವಾಗಿರಬೇಕು. ಕಟ್ಟುವುದು ಬೋಜಣ್ಣ, ಸಂಜೆ ಬಿಚ್ಚಿ ಉಪ್ಪು ತೊಳೆದು ಮಡಚಿಡುವುದೂ ಅವರೇ.

“ಸಪಾಟು ನೀರಿಗೆ ಯಾರು ಕಟ್ಟಿದ್ರೂ ಆಗ್ತದೆ ಮಾರಾಯ್ರೆ. ಕುಟ್ಟುವ ನೀರು ಉಂಟಲ್ಲ, ಅದಕ್ಕೆ ಕಟ್ಟುವಾಗ ಗೊತ್ತಾಗುವುದು,” ಎನ್ನುತ್ತಾರೆ. ಕುಟ್ಟುವ ನೀರು ಎಂಬುದು ಅವರದೇ ಮಾತು. ದೊಡ್ಡ ತೆರೆಯಲ್ಲ, ಗಾಳಿಗೆ ಎದ್ದ ಗಿಡ್ಡ ಗಿಡ್ಡ ಒತ್ತೊತ್ತು ಅಲೆಗಳು. ಹಲಗೆಯ ಹೊಟ್ಟೆಗೆ ಒಂದೇ ಸಮ ಕುಟ್ಟಿ, ಮೂತಿಯನ್ನು ಎತ್ತಿ ಒಗೆಯುತ್ತವೆ. ಅಂಥ ದಿನ ಬೋಜಣ್ಣ ಒಂದು ಅಳತೆ ಚಿಕ್ಕ ಹಾಯಿ ತೆಗೆಯುತ್ತಾರೆ. ಬುಡದ ಹಗ್ಗವನ್ನು ಇನ್ನೂ ಬಿಗಿಯುತ್ತಾರೆ. ಆಗ ಹಾಯಿಯ ಮೇಲಂಚು ಸಡಿಲಗೊಂಡು, ಗಾಳಿ ಒಮ್ಮೆಲೇ ನುಗ್ಗಿದರೆ ಅಲ್ಲಿಂದ ಸೋರಿಹೋಗುತ್ತದೆ. ಕಂಬದ ಬುಡವನ್ನು ಹಲಗೆಯ ಮೇಲೆ ಒಂದು ಬೆರಳಿನಷ್ಟು ಮುಂದಕ್ಕೆ ಸರಿಸುತ್ತಾರೆ, ಮೂತಿ ನೀರಿಗೆ ಅಂಟಿಕೊಂಡಿರಲಿ ಎಂದು. ಕೈಯಲ್ಲಿ ಹಿಡಿಯುವ ಬೂಮ್ ಸ್ವಲ್ಪ ಕೆಳಗೆ ಬರುತ್ತದೆ. ಹಲಗೆಯ ಅಡಿಗೆ ಮೀನಿನ ರೆಕ್ಕೆಯಂಥ ಗಿಡ್ಡ ಫಿನ್ ಹಾಕುತ್ತಾರೆ, ಉದ್ದದ್ದು ಹಾಕಿದರೆ ಹಿಂಭಾಗ ಬಾಲ ಅಲ್ಲಾಡಿಸತೊಡಗುತ್ತದಂತೆ. ಇದನ್ನೆಲ್ಲ ಮೊದಲಿದ್ದ ಒಬ್ಬ ತರಬೇತುದಾರ ಕಲಿಸಿದ್ದು, ಉಳಿದದ್ದನ್ನು ಬಿದ್ದು ಬಿದ್ದು ಕಲಿತದ್ದು ಎನ್ನುತ್ತಾರೆ.

ಹೆಜಮಾಡಿಯಲ್ಲಿ ಅವರದು ಮೀನುಗಾರಿಕೆಯ ಮನೆತನ. ದಂಡೆಯಲ್ಲೇ ನಿಂತು ಬಲೆ ಎಳೆಯುವ ಕೈರಂಪಣಿಯಲ್ಲಿ ಹುಡುಗನಾಗಿದ್ದಾಗಿನಿಂದ ದುಡಿದವರು, ಆಮೇಲೆ ಮಲ್ಪೆಯ ಬೋಟುಗಳಲ್ಲಿ. ಮದುವೆಯಾಗಿ, ಮಗಳು ಗ್ರೀಷ್ಮಾ ಕಾಲೇಜಿಗೆ ಹೋಗುವ ಹೊತ್ತಿಗೆ ಬೋಟಿನ ಕೆಲಸ ಸೊಂಟಕ್ಕೆ ಕಷ್ಟವಾಗತೊಡಗಿತು. ಯಾರದೋ ಪರಿಚಯದಿಂದ ಈ ಕ್ಲಬ್ಬಿಗೆ ಬಂದರು, ಒಂಬತ್ತು ವರ್ಷವಾಯಿತು. ಕೊರಳಲ್ಲಿ ತೂಗುವ ಕಾರ್ಡಿನಲ್ಲಿ ಹುದ್ದೆಯ ಹೆಸರು ‘ಬೀಚ್ ಬಾಯ್’ ಎಂದಿದೆ. ವಯಸ್ಸು ಐವತ್ತನಾಲ್ಕು. “ಮಗಳ ಮದುವೆ ಆಯ್ತು, ನಾನಿನ್ನೂ ಬಾಯ್,” ಎಂದು ನಗುತ್ತಾರೆ. ನಗುವೇನೋ ಚೆನ್ನಾಗಿದೆ, ಬಹಳ ಹೊತ್ತು ನಿಲ್ಲುವುದಿಲ್ಲ.

ಇಡೀ ದೋಹಾ ರಜೆಯಲ್ಲಿರುವ ಶುಕ್ರವಾರ, ಶನಿವಾರ ಅವರಿಗೆ ಮೈಮುರಿಯುವ ಕೆಲಸ. ರಜೆ ಸಿಗುವುದು ಮಂಗಳವಾರ. ಅವತ್ತು ಊರೆಲ್ಲ ಆಫೀಸಿಗೆ ಹೋಗಿರುತ್ತದೆ. ತುಳುವರ ಕೂಟ, ಯಕ್ಷಗಾನ, ಕ್ರಿಕೆಟ್ಟು, ಎಲ್ಲವೂ ನಡೆಯುವುದು ಶುಕ್ರವಾರವೇ ಆದ್ದರಿಂದ ಒಂದಕ್ಕೂ ಹೋಗಿಲ್ಲ. ಮೊದಮೊದಲು ಕರೆಯುತ್ತಿದ್ದರು, ಈಗ ಕರೆಯುವುದನ್ನೂ ಬಿಟ್ಟಿದ್ದಾರೆ. ನಜ್ಮಾದ ರೂಮಿನಲ್ಲಿ ಜೊತೆಗಿರುವ ನೇಪಾಳದ ಟೈಲರುಗಳು ಒಳ್ಳೆಯವರು, ಆದರೆ ಇವರು ಏಳುವಾಗ ಅವರು ಮಲಗಿರುತ್ತಾರೆ. ಮಂಗಳವಾರ ಏನು ಮಾಡುತ್ತೀರಿ ಎಂದು ಕೇಳಿದೆ. ಬಸ್ಸು ಹತ್ತಿ ಮೀನು ಮಾರ್ಕೆಟ್ಟಿಗೆ ಹೋಗಿ ಒಂದು ಸುತ್ತು ಹಾಕಿ ಬರುತ್ತಾರಂತೆ. ಮೀನು ತರುವುದಿಲ್ಲ, ಒಬ್ಬರಿಗಾಗಿ ಯಾರು ಸಾರು ಮಾಡುತ್ತಾರೆ ಎನ್ನುತ್ತಾರೆ. ಕೇಳಿ ನನಗೆ ಬೇಸರವಾಯಿತು. ಅವರು ಆಗಲೇ ಮುಂದಿನ ಗಂಟಿಗೆ ಕೈಹಾಕಿದ್ದರು.

ಬಿಸಿಲು ಏರುತ್ತಿದ್ದಂತೆ ಕಾರುಗಳು ಬರತೊಡಗುತ್ತವೆ. ಬಂದವರೆಲ್ಲ ಬೋಜಣ್ಣನ ಹತ್ತಿರ ಬಂದು, ಕಟ್ಟಿಟ್ಟ ಹಾಯಿ ಎತ್ತಿಕೊಂಡು ಹೋಗುತ್ತಾರೆ. ಒಬ್ಬರು ಮಾತ್ರ ಹಾಗೆ ಮಾಡುವುದಿಲ್ಲ. ನಡುವಯಸ್ಸಿನ, ಗಡ್ಡ ಅರ್ಧ ಬೆಳ್ಳಗಾದ ಮನುಷ್ಯ. ದೂರದಿಂದಲೇ ಸಲಾಂ ಹೇಳಿ, ಆಚೆ ತುದಿಗೆ ಹೋಗಿ, ತಮ್ಮ ಹಾಯಿಯನ್ನು ತಾವೇ ಕಟ್ಟಲು ಕೂರುತ್ತಾರೆ. ಇವತ್ತು ಜೊತೆಗೆ ಹದಿನಾಲ್ಕರ ಆಸುಪಾಸಿನ ಹುಡುಗಿ. ಅವರ್‍ಯಾಕೆ ನಿಮ್ಮ ಹತ್ತಿರ ಕಟ್ಟಿಸುವುದಿಲ್ಲ ಎಂದು ನಾನು ಸುಮ್ಮನೆ ಮಾತಿಗೆ ಕೇಳಿದ್ದು. ಬೋಜಣ್ಣ ಹಗ್ಗ ಬಿಟ್ಟು ಕೈ ಒರೆಸಿಕೊಂಡರು. ಮೂಸಬ್ಬನ ಅಂಗಡಿಯಲ್ಲಿ ಬಿಡದ ಬಾಯನ್ನು ಇಲ್ಲಿ ಬಿಟ್ಟರು.

ಅವರ ಹೆಸರು ತಾಹಿರ್. ಹೈದರಾಬಾದಿನವರು, ಅಲ್ ವುಕೈರ್‌ನಲ್ಲಿ ಮನೆ, ಕಟ್ಟಡಗಳ ಎಂಜಿನಿಯರ್. ಬೋಜಣ್ಣ ಇಲ್ಲಿಗೆ ಬಂದು ಇನ್ನೂ ಎರಡನೇ ತಿಂಗಳು. ಒಂದು ಬೆಳಿಗ್ಗೆ ಗಾಳಿಯೇ ಇರಲಿಲ್ಲ. ಆಗಿನ್ನೂ ಕಲಿಯುತ್ತಿದ್ದ ತಾಹಿರ್ ಫೋನ್ ನೋಡಿ, ಆಮೇಲೆ ಪಶ್ಚಿಮದ ಗಾಳಿ ಜೋರಾಗುತ್ತದಂತೆ, ಹೋಗಬಹುದಾ ಎಂದು ಹಿಂದಿಯಲ್ಲಿ ಕೇಳಿದರು. ಬೋಜಣ್ಣ ಯೋಚನೆಯನ್ನೇ ಮಾಡಲಿಲ್ಲ. ಪಶ್ಚಿಮದ ಗಾಳಿಯಾದರೆ ಹೆದರಿಕೆಯೇ ಇಲ್ಲ, ಸುಸ್ತಾದರೆ ಹಲಗೆಯ ಮೇಲೆ ಸುಮ್ಮನೆ ಕೂತರೂ ಅದೇ ದಡಕ್ಕೆ ತಂದು ಬಿಡುತ್ತದೆ ಎಂದುಬಿಟ್ಟರು. ಗಾಳಿ ಇಲ್ಲವಲ್ಲ ಎಂದು ದೊಡ್ಡ ಹಾಯಿಯನ್ನೇ ಕಟ್ಟಿಕೊಟ್ಟರು.

ನಮ್ಮ ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತುಳುವಿನಲ್ಲಿ ಪಡ್ಡಾಯಿ ಎಂದರೆ ಪಶ್ಚಿಮ, ಆದರೆ ಅದನ್ನು ಹೇಳುವವರ ಮನಸ್ಸಿನಲ್ಲಿರುವುದು ಕಡಲು. ಪಡ್ಡಾಯಿ ಗಾಳಿ ಕಡಲಿನಿಂದ ಬೀಸುತ್ತದೆ, ದೋಣಿಯನ್ನು ಮನೆಯ ಕಡೆಗೆ ದೂಡುತ್ತದೆ. ಕತಾರಿನ ಈ ದಂಡೆಯಲ್ಲಿ ಕಡಲಿರುವುದು ಪೂರ್ವಕ್ಕೆ. ಇಲ್ಲಿ ಪಶ್ಚಿಮದ ಗಾಳಿ ಮರಳುಗಾಡಿನಿಂದ ಬಂದು, ನೀರಿನಲ್ಲಿದ್ದವರನ್ನು ದಡದಿಂದ ಹೊರಗೆ ನೂಕುತ್ತದೆ. ದಡದ ಹತ್ತಿರ ನೀರು ಅಲುಗದೆ ಸಾಧುವಾಗಿ ಕಾಣುತ್ತದೆ, ದೂರ ಹೋದ ಮೇಲೆ ಕುಟ್ಟಲು ಶುರು. ಊರಿನ ದಿಕ್ಕನ್ನು ಬೋಜಣ್ಣ ಪೆಟ್ಟಿಗೆಯ ಜೊತೆ ಇಲ್ಲಿಗೂ ತಂದಿದ್ದರು, ಅದು ಅವರಿಗೇ ತಿಳಿದಿರಲಿಲ್ಲ.

“ಕಡಲು ನೋಡ್ತಾ ನಿಂತಿದ್ದೆ, ಗಾಳಿ ಬಂದು ಬೆನ್ನಿಗೆ ಬಡೀತು. ಅಯ್ಯೋ, ಇದು ಮುಖಕ್ಕಲ್ವಾ ಬಡೀಬೇಕಿತ್ತು ಅಂತ. ನೋಡ್ತೇನೆ, ಅವರ ಹಾಯಿ ಆಗ್ಲೇ ಸಣ್ಣ ಆಗಿದೆ,” ಎನ್ನುತ್ತಾರೆ ಬೋಜಣ್ಣ. ಓಡಿಹೋಗಿ ಮ್ಯಾನೇಜರಿಗೆ ಹೇಳಿದರು. ಕ್ಲಬ್ಬಿನ ಬೋಟು ಹುಡುಕಿ ಬರಿದೇ ವಾಪಸಾಯಿತು. ದೊಡ್ಡ ಹಾಯಿಯನ್ನು ನೀರಿನಿಂದ ಎತ್ತಲಾರದೆ ತಾಹಿರ್ ಹಲಗೆಯನ್ನು ತಬ್ಬಿಕೊಂಡು ಹಗಲಿಡೀ ತೇಲಿದ್ದರು. ಸಂಜೆಗೆ ಮುಂಚೆ ಮೀನಿಗೆ ಹೋಗಿದ್ದ ಒಂದು ದೋಣಿಯವರು ಅವರನ್ನು ಕಂಡು ಎತ್ತಿಕೊಂಡರು. ತುಟಿ ಒಡೆದಿತ್ತು, ಕೈ ಬೆರಳು ಮಡಚಲು ಬರುತ್ತಿರಲಿಲ್ಲ.

ಬೋಜಣ್ಣ ಪೆಟ್ಟಿಗೆ ಕಟ್ಟಿಕೊಂಡು ಕಾದರು. ವಾಪಸ್ ಕಳಿಸುತ್ತಾರೆ ಎಂಬುದರಲ್ಲಿ ಅವರಿಗೆ ಅನುಮಾನವೇ ಇರಲಿಲ್ಲ. ಆದರೆ ತಾಹಿರ್ ಮ್ಯಾನೇಜರ ಎದುರು, ಫೋನ್ ನೋಡಿಯೂ ಹೋದದ್ದು ನಾನು, ತಪ್ಪು ನನ್ನದು ಎಂದರಂತೆ. ಮುಂದಿನ ವಾರ ಕ್ಲಬ್ಬಿಗೆ ಬಂದರು, ಬೋಜಣ್ಣನಿಗೆ ಸಲಾಂ ಹೇಳಿದರು, ಆಚೆ ತುದಿಗೆ ಹೋಗಿ ತಮ್ಮ ಹಾಯಿಯನ್ನು ತಾವೇ ಕಟ್ಟಿಕೊಂಡರು. ಅವತ್ತಿನಿಂದ ಹಾಗೆಯೇ. ಈಗ ಅವರು ಈ ದಂಡೆಯ ಒಳ್ಳೆಯ ಸವಾರರಲ್ಲಿ ಒಬ್ಬರು, ಗಾಳಿಯನ್ನೂ ಚೆನ್ನಾಗಿ ಬಲ್ಲರು, ಕಟ್ಟುವುದರಲ್ಲೂ ಬೆರಳಿಟ್ಟು ತೋರಿಸುವಂಥ ಕೊರತೆಯಿಲ್ಲ.

“ಬೈದಿದ್ರೆ ಅವತ್ತೇ ಮುಗಿದುಹೋಗ್ತಿತ್ತು. ಬೈಲಿಲ್ಲ ನೋಡಿ,” ಎನ್ನುತ್ತಾರೆ ಬೋಜಣ್ಣ. “ಊರಲ್ಲಿ ಗಾಳಿ ತಪ್ಪಿ ಹೇಳಿದವನ ಮಾತಿಗೆ ಯಾರೂ ಮತ್ತೆ ದೋಣಿ ಇಳಿಸುವುದಿಲ್ಲ. ಒಂದು ಸಲ ಅವರು ಬಂದು ಗಾಳಿ ಹೇಗುಂಟು ಅಂತ ನನ್ನತ್ರ ಕೇಳಿದ್ರೆ ಸಾಕಿತ್ತು.” ಇಷ್ಟು ಹೇಳಿ ಮತ್ತೆ ಹಗ್ಗ ಹಿಡಿದರು. ಒಂಬತ್ತು ಚಳಿಗಾಲ ಒಂದೇ ದಂಡೆಯಲ್ಲಿ, ಕೂಗಿದರೆ ಕೇಳುವಷ್ಟು ದೂರದಲ್ಲಿ, ಇಬ್ಬರು ಬೆನ್ನು ಹಾಕಿ ಕೂತು ಹಾಯಿ ಕಟ್ಟುತ್ತಿದ್ದಾರೆ. ಜಗಳವಾಡಿದವರೇ ಇದಕ್ಕಿಂತ ಹತ್ತಿರವಿರುತ್ತಾರೆ ಅನಿಸಿತು ನನಗೆ.

ಇವತ್ತು ಬೆಳಗ್ಗಿನ ಗಾಳಿ ಹಿಂದಿನಿಂದ, ಮರಳುಗಾಡಿನ ಕಡೆಯಿಂದ ಬೀಸುತ್ತಿದೆ. ದಡದ ನೀರು ಕನ್ನಡಿಯಂತೆ ಇದೆ, ದೂರದಲ್ಲಿ ಮಾತ್ರ ಒಂದು ಕಪ್ಪು ಗೆರೆ. ತಾಹಿರ್ ತಮ್ಮ ಹಾಯಿ ಕಟ್ಟಿ ಮುಗಿಸಿ, ಹುಡುಗಿಯ ಚಿಕ್ಕ ಹಾಯಿಯನ್ನೂ ಕಟ್ಟಿ ಮುಗಿಸಿದರು. ಆಕೆ ಅವರ ಮಗಳು ತಾನ್ಯಾ, ಇಷ್ಟು ದಿನ ಬೇರೆ ಕಡೆ ಕಲಿಯುತ್ತಿದ್ದವಳು ಇವತ್ತೇ ಮೊದಲ ಸಲ ಇಲ್ಲಿಗೆ ಬಂದಿದ್ದಾಳೆ. ಲೈಫ್ ಜಾಕೆಟ್ ಹಾಕಿಕೊಂಡು ನೀರಿಗಿಳಿಯಲು ಕುಣಿಯುತ್ತಿದ್ದಾಳೆ. ತಾಹಿರ್ ಒಂದು ಗಳಿಗೆ ಕಡಲನ್ನು ನೋಡುತ್ತ ನಿಂತರು. ಆಮೇಲೆ ನಾವಿದ್ದಲ್ಲಿಗೆ ನಡೆದು ಬಂದರು.

“ಬೋಜ ಭಾಯ್, ಹವಾ ಕೈಸಿ ಹೈ?”

ಬೋಜಣ್ಣ ಎದ್ದು ನಿಂತರು. ಕಡಲನ್ನು ನೋಡಿದರು, ತಿರುಗಿ ಗಾಳಿಗೆ ಮುಖ ಕೊಟ್ಟರು, ಮತ್ತೆ ಕಡಲನ್ನು ನೋಡಿದರು. ಗೊತ್ತಿದ್ದ ಉತ್ತರಕ್ಕೆ ಅಷ್ಟು ಹೊತ್ತು ಬೇಕಿರಲಿಲ್ಲ. ಇವತ್ತು ಬೇಡ, ಗಾಳಿ ಹೊರಕ್ಕೆ ಎಳೆಯುತ್ತದೆ, ಮಗು ವಾಪಸ್ ಬರಲು ಕಷ್ಟಪಡುತ್ತದೆ ಎಂದು ತಮ್ಮ ಹರುಕು ಹಿಂದಿಯಲ್ಲಿ ಹೇಳಿದರು. ಸಂಜೆ ಕಡಲ ಕಡೆಯಿಂದ ಗಾಳಿ ಬರಬಹುದು, ಆಗ ನೀರು ಕುಟ್ಟುತ್ತದೆ, ಆದರೆ ಬಿದ್ದರೂ ದಡಕ್ಕೇ ಬರುತ್ತಾಳೆ, ಆಗ ಬನ್ನಿ ಎಂದರು. ತಾನ್ಯಾ ಓಡಿ ಬಂದು, ಫೋನಿನಲ್ಲಿ ಎಷ್ಟು ಚೆಂದದ ಗಾಳಿ ತೋರಿಸುತ್ತಿದೆ ನೋಡಿ ಎಂದು ಇಂಗ್ಲಿಷಿನಲ್ಲಿ ಅಪ್ಪನ ಮುಂದೆ ಹಿಡಿದಳು. ತಾಹಿರ್ ಫೋನ್ ನೋಡಲಿಲ್ಲ. ಬೋಜ ಭಾಯ್ ಬೇಡ ಅಂದಮೇಲೆ ಬೇಡ ಎಂದರು. ಹೋಗಿ ಮಗಳ ಹಾಯಿಯ ಹಗ್ಗ ಸಡಿಲಿಸಿದರು, ತಮ್ಮದನ್ನೂ ಬಿಚ್ಚಿದರು.

ಮುಖ ಊದಿಸಿಕೊಂಡಿದ್ದ ಹುಡುಗಿಯನ್ನು ಬೋಜಣ್ಣನೇ ಕರೆದು ಮರಳ ಮೇಲೆ ಹಲಗೆಯಲ್ಲಿ ನಿಲ್ಲಿಸಿದರು. ಕುಟ್ಟುವ ನೀರಿನಲ್ಲಿ ಮೊಣಕಾಲು ಬಿಗಿ ಹಿಡಿಯಬಾರದು, ಅಲೆ ಎತ್ತಿದಾಗ ಮಡಚಬೇಕು. ಸೊಂಟಪಟ್ಟಿಯ ಕೊಕ್ಕೆಯನ್ನು ಹಾಯಿಗೆ ಸಿಕ್ಕಿಸಿ ಅದಕ್ಕೆ ಭಾರ ಬಿಡಬೇಕು, ತೋಳಿಗಲ್ಲ. ಹೆದರಿಕೆಯಾದಾಗ ಹಾಯಿಯನ್ನು ಬಿಡಬೇಕು ಅನಿಸುತ್ತದೆ, ಆಗಲೇ ಅದನ್ನು ಮೈಗೆ ಹತ್ತಿರ ಎಳೆದುಕೊಳ್ಳಬೇಕು. ಹುಡುಗಿಗೆ ಅವರ ಹಿಂದಿ ಅರ್ಧ ತಿಳಿಯಿತು, ಉಳಿದರ್ಧ ಮೊಣಕಾಲು ನೋಡಿ ತಿಳಿಯಿತು. ತಾಹಿರ್ ಪಕ್ಕದಲ್ಲೇ ಕೂತು ನೋಡುತ್ತಿದ್ದರು. ಸಂಜೆ ಬರುತ್ತೇವೆ ಎಂದು ಹೇಳಿ ಅಪ್ಪ ಮಗಳು ಕಾರು ಹತ್ತಿದರು.

ಅವರು ಹೋದ ಮೇಲೆ ಬೋಜಣ್ಣ ಒಂದೇ ಗಂಟನ್ನು ಮತ್ತೆ ಮತ್ತೆ ಬಿಚ್ಚಿ ಕಟ್ಟಿದರು. ಕೊನೆಗೂ ಕೇಳಿದರಲ್ಲ ಎಂದೆ.

“ಅವರಿಗೆ ಗೊತ್ತಿತ್ತು. ಈ ಗಾಳಿ ಅವರಿಗೆ ಗೊತ್ತಿಲ್ಲದೆ ಇರ್ತದಾ? ಗೊತ್ತಿದ್ದೂ ಬಂದು ಕೇಳಿದ್ರು,” ಎಂದರು. ಕಣ್ಣು ತುಂಬಿದ್ದನ್ನು ಅಡಗಿಸಲಿಲ್ಲ.

ಇವತ್ತು ಮನೆಗೆ ಫೋನ್ ಮಾಡುವಾಗ ಪೂವಕ್ಕನವರಿಗೆ ಹೇಳಲು ಒಳ್ಳೆಯ ಸುದ್ದಿಯಾಯಿತು ಎಂದೆ ನಾನು. ಪೂವಕ್ಕ ಅವರ ಹೆಂಡತಿ, ದಿನಾ ರಾತ್ರಿ ಊಟದ ಹೊತ್ತಿಗೆ ಮಾತಾಡುತ್ತಾರೆ. ಬೋಜಣ್ಣ ಇಲ್ಲವೆಂದು ತಲೆಯಾಡಿಸಿದರು. ಆಕೆಗೆ ಆ ಹಳೆಯ ವಿಷಯವೇ ಗೊತ್ತಿಲ್ಲವಂತೆ. ಗಾಬರಿಯಾಗುತ್ತಾಳೆ ಎಂದು ಮೊದಲು ಹೇಳಲಿಲ್ಲ. ಇಷ್ಟು ದಿನ ಹೇಳದೆ ಈಗ ಹೇಗೆ ಹೇಳುವುದು ಎಂದು ಆಮೇಲೆ ಹೇಳಲಿಲ್ಲ. ಮೂಸಬ್ಬನಿಗೂ ಹೇಳಿಲ್ಲ, ರೂಮಿನವರಿಗೂ ಹೇಳಿಲ್ಲ. ಇಷ್ಟು ದೊಡ್ಡ ಸಂತೋಷ ಬಂದಿದೆ, ಹಂಚಿಕೊಳ್ಳಲು ಒಬ್ಬರೂ ಇಲ್ಲ. ಬರೆಯುವವರ ಮರ್ಯಾದೆ ಎಂದು ಒಂದಿರುತ್ತದೆ. ಆ ಅಪಘಾತದ ವಿಷಯ ಪತ್ರಿಕೆಯಲ್ಲಿ ಹಾಕುವುದಿಲ್ಲ ಬಿಡಿ ಎಂದು ಹೇಳಿದೆ.

ಇನ್ನೂ ಕಲಿಯುತ್ತಿರುವ ಒಬ್ಬ ಗಿರಾಕಿ ಬಂದ, ಇವತ್ತು ಬೇಡ ಎಂದು ಬೋಜಣ್ಣ ಅವನನ್ನೂ ಕಳಿಸಿದರು. ಆಮೇಲೆ ನನ್ನ ಕಡೆ ತಿರುಗಿದರು.

“ನಿಮ್ಮ ಪೇಪರ್ ನಮ್ಮ ಮನೆಗೆ ಬರ್ತದೆ. ಭಾನುವಾರದ್ದು ಅವಳು ಬಿಡದೆ ಓದ್ತಾಳೆ. ನೀವು ಆ ತಪ್ಪನ್ನೂ ಬರೀರಿ. ಅದು ಗೊತ್ತಿಲ್ಲದಿದ್ರೆ ಇವತ್ತು ಏನಾಯ್ತು ಅಂತ ಅವಳಿಗೆ ತಿಳಿಯುವುದಿಲ್ಲ.”