ಬೆಚ್ಚಗಿದ್ದ ಡಚ್ ನಾಣ್ಯ

ದೆವ್ವ, ಶಕುನ ಎಂದು ಯಾರಾದರೂ ಮಾತು ತೆಗೆದರೆ ನಾನು ಎದ್ದು ಹೋಗುತ್ತಿದ್ದೆ. ಈಗಲೂ ನೀವು ಇದನ್ನು ನಂಬಲೇಬೇಕೆಂಬ ಒತ್ತಾಯ ನನ್ನದಲ್ಲ. ಆದದ್ದನ್ನಷ್ಟೇ ಹೇಳುತ್ತೇನೆ.

ಯುರೋಪಿನ ಹಳೆಯ ಬೆಳ್ಳಿ ನಾಣ್ಯಗಳನ್ನು ಕೂಡಿಡುವುದು ನನ್ನ ಹವ್ಯಾಸ. ವ್ಯಾಪಾರಕ್ಕೆಂದು ಹಡಗಿನಲ್ಲಿ ಬಂದ ಅಂಥ ನಾಣ್ಯಗಳಲ್ಲಿ ಎಷ್ಟೋ ಇಲ್ಲಿನ ಟಂಕಸಾಲೆಗಳಲ್ಲಿ ಕರಗಿ ರೂಪಾಯಿಗಳಾದವು. ಉಳಿದವು ಅಪರೂಪ. ಅಂಥದ್ದೊಂದು ಕಮಲಾಪುರದ ಶರಣಪ್ಪ ಮಾಸ್ತರರ ಬಳಿ ಇತ್ತು. ಹದಿನೇಳನೆಯ ಶತಮಾನದ ಡಚ್ ನಾಣ್ಯ. ಅಂಗೈ ತುಂಬುವಷ್ಟು ದೊಡ್ಡದು, ಒಂದು ಬದಿಗೆ ಕತ್ತಿ ಎತ್ತಿದ ಕುದುರೆ ಸವಾರ. ಕಲಬುರಗಿಯಿಂದ ಹೋದಾಗಲೆಲ್ಲ ಅದನ್ನು ಕೊಡಿ ಎಂದು ಕೇಳುತ್ತಿದ್ದೆ. “ನಾ ಇರೋತನ ಕೇಳಬ್ಯಾಡ್ರಿ. ಆಮ್ಯಾಲ ನಿಮ್ದೇ” ಎಂದು ಮಾಸ್ತರರು ನಗುತ್ತಿದ್ದರು.

ಅವರು ಹೃದಯಾಘಾತದಿಂದ ತೀರಿಕೊಂಡು ಮೂರು ತಿಂಗಳಾದ ಮೇಲೆ ಅವರ ಹೆಂಡತಿ ಫೋನ್ ಮಾಡಿ ಬರಹೇಳಿದರು. ಅವರನ್ನು ನಾನು ಅತ್ತಿಗೆಯೆಂದೇ ತಿಳಿದು ವೈನಿ ಎನ್ನುತ್ತಿದ್ದೆ. ಡಿಸೆಂಬರಿನ ಮುಂಜಾವು, ಚೆನ್ನಾಗಿ ಚಳಿಯಿತ್ತು. ವೈನಿ ಚಹಾ ಕೊಟ್ಟು, ಬೀಗ ಹಾಕಿದ್ದ ಟ್ರಂಕು ತೆಗೆದು, ಬಟ್ಟೆಯ ಚೀಲದಿಂದ ನಾಣ್ಯವನ್ನು ನನ್ನ ಅಂಗೈಗೆ ಜಾರಿಸಿದರು.

ಅದು ಬೆಚ್ಚಗಿತ್ತು. ಯಾರೋ ಬಹಳ ಹೊತ್ತು ಮುಷ್ಟಿಯಲ್ಲಿ ಹಿಡಿದಿದ್ದು ಆಗಷ್ಟೇ ಬಿಟ್ಟಂತೆ. ಸ್ಟೀಲ್ ತಟ್ಟೆಯಲ್ಲಿಟ್ಟು ಚಹಾ ಕುಡಿದು ಮತ್ತೆ ಮುಟ್ಟಿದೆ. ಬಿಸುಪು ಹಾಗೇ ಇತ್ತು. ನನಗೆ ಹೆದರಿಕೆಯಾಗಲಿಲ್ಲ, ಆಶ್ಚರ್ಯವೂ ಆಗಲಿಲ್ಲ. ಒಳಗೆಲ್ಲ ಮರಗಟ್ಟಿದಂತಿತ್ತು.

“ನಿಮಗೂ ಗೊತ್ತಾತೇನ್ರಿ ಅಣ್ಣಾರ?” ಎಂದರು ವೈನಿ. “ಅವರು ಹೋದಾಗಿಂದ ಹಿಂಗೇ ಅದ. ದಿನಾ ಮುಂಜಾನಿ ಒಂದೀಟು ಹೊತ್ತು ಕೈಯಾಗ ಹಿಡಕೊಂಡು ಕುಂದರ್ತೀನಿ. ಯಾರಿಗೂ ಹೇಳಿಲ್ಲ.”

“ಹಂಗಾರ ನಿಮ್ಮ ಹತ್ರಾನೇ ಇರಲಿ ಬಿಡ್ರಿ.”

“ಬ್ಯಾಡ್ರಿ. ಅವರು ನಿಮಗ ಮಾತು ಕೊಟ್ಟಾರ. ಒಯ್ರಿ.”

ಇನ್ನೊಮ್ಮೆ ಬೇಡವೆನ್ನಬಹುದಿತ್ತು. ಅನ್ನಲಿಲ್ಲ. ನನಗದು ಬೇಕಾಗಿತ್ತು.

ಬಸ್ಸಿನಲ್ಲಿ ಮುಷ್ಟಿ ಬಿಚ್ಚದೆ ಕುಳಿತಿದ್ದೆ. ಮಹಾಗಾಂವದಲ್ಲಿ ಬಸ್ಸು ನಿಂತು, ಜನ ತೊಗರಿ ಚೀಲ ಹತ್ತಿಸುತ್ತಿದ್ದರು. ಆಗ ನಾಣ್ಯ ತಣ್ಣಗಾಯಿತು. ಮೆಲ್ಲಗೆ ಆರಿದ್ದಲ್ಲ, ಹಿಡಿದ ಕೈಯನ್ನು ಎಳೆದುಕೊಂಡ ಹಾಗೆ, ಒಮ್ಮೆಲೇ. ನನ್ನ ಬೆರಳುಗಳು ಬೆಚ್ಚಗೇ ಇದ್ದವು, ಅವುಗಳ ನಡುವೆ ಬೆಳ್ಳಿ ಮಾತ್ರ ಕೊರೆಯುತ್ತಿತ್ತು.

ಅಲ್ಲಿಯೇ ಇಳಿದು, ರಸ್ತೆ ದಾಟಿ, ಎದುರಿನಿಂದ ಬಂದ ಬಸ್ಸು ಹಿಡಿದು ಕಮಲಾಪುರಕ್ಕೆ ವಾಪಸು ಹೋದೆ. ವೈನಿ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದರು. ನಾನು ನಾಣ್ಯವನ್ನು ಅವರ ಮುಂದೆ ಹಿಡಿದೆ. ಸೆರಗಿಗೆ ಕೈ ಒರೆಸಿಕೊಂಡು ತೆಗೆದುಕೊಂಡು, ಮುಷ್ಟಿ ಮುಚ್ಚಿದರು. ಕಣ್ಣೂ ಮುಚ್ಚಿದರು.

“ತಣ್ಣಗಾಗ್ಯಾದ್ರಿ” ಎಂದರು ಕೊನೆಗೆ. ಬೈಯಲಿಲ್ಲ, ಅಳಲಿಲ್ಲ. ನಾಣ್ಯವನ್ನು ನನಗೇ ತಿರುಗಿ ಕೊಟ್ಟರು. “ಇನ್ನ ನೀವೇ ಇಟಗೊಳ್ರಿ” ಎಂದು ಮೊರ ಎತ್ತಿಕೊಂಡರು.

ವರ್ಷಗಳಾದವು. ಆ ಬಿಸುಪು ಏನಾಗಿತ್ತು ಎಂಬುದು ನನಗೆ ಇವತ್ತಿಗೂ ತಿಳಿದಿಲ್ಲ. ನಾನು ಒಯ್ಯದಿದ್ದರೆ ಅವರ ಬಳಿ ಉಳಿಯುತ್ತಿತ್ತೋ ಏನೋ, ಅದೂ ತಿಳಿಯದು. ವೈನಿ ಈಗಲೂ ಹಬ್ಬಕ್ಕೆ ಫೋನ್ ಮಾಡುತ್ತಾರೆ, ಮನೆಯವರನ್ನೆಲ್ಲ ವಿಚಾರಿಸುತ್ತಾರೆ. ನಾಣ್ಯದ ಸುದ್ದಿಯನ್ನು ಅವರು ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ.