ದೊಡ್ಡಮ್ಮ ಊರಿಗೆ ಹೋಗಿದ್ದಾಗ ನಡೆದ ಸಭೆ

ನಮ್ಮ ಮನೆತನದಲ್ಲಿ ಮೊದಲ ಪದವೀಧರ ನಾನು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಅಪ್ಪ ಥಾಣೆಯ ಒಂದು ಉಡುಪಿ ಹೋಟೆಲಿನಲ್ಲಿ ಕಾವಲಿಯ ಮುಂದೆ ನಿಂತೇ ಆಯುಷ್ಯ ಕಳೆದವರು. ಡೊಂಬಿವಲಿ ಪೂರ್ವದ ಹಳೆಯ ಬಾಡಿಗೆ ಕಟ್ಟಡವೊಂದರಲ್ಲಿ ನಮಗೆ ಒಂದೇ ರೂಮು, ಅದರಲ್ಲಿ ಏಳು ಜನ. ಅಲ್ಲಿ ಪುಸ್ತಕ ಬಿಡಿಸಿದರೆ ಅದರ ಮೇಲೆ ಯಾರಾದರೂ ಲೋಟ ಇಡುತ್ತಿದ್ದರು. ಆದ್ದರಿಂದ ನಾನು ಬಿ.ಎ., ಎಂ.ಎ. ಎರಡನ್ನೂ ಓದಿ ಮುಗಿಸಿದ್ದು ಕೆಳಗಿನ ದೊಡ್ಡಮ್ಮನ ರೂಮಿನಲ್ಲಿ.

ದೊಡ್ಡಮ್ಮ ನಮಗೆ ರಕ್ತಸಂಬಂಧಿಯಲ್ಲ. ಊರಿನ ಕಡೆಯವರು, ಅಷ್ಟೆ. ರಸ್ತೆಗೆ ಮುಖ ಮಾಡಿದ ಮೂಲೆಯ ರೂಮಿನಲ್ಲಿ ಒಬ್ಬರೇ ಇದ್ದು ದೋಸೆ ಹಿಟ್ಟು ರುಬ್ಬಿ ಕಿಟಕಿಯಲ್ಲೇ ಮಾರುತ್ತಿದ್ದರು. ಪರೀಕ್ಷೆ ಹತ್ತಿರ ಬಂದರೆ ನನಗಾಗಿ ಗ್ರೈಂಡರ್ ನಿಲ್ಲಿಸುತ್ತಿದ್ದರು. ಕಿಟಕಿಗೆ ಬಂದವರಿಗೆ, "ಸ್ವಲ್ಪ ಹೊತ್ತು ಬಿಟ್ಟು ಬನ್ನಿ. ಇಲ್ಲೊಬ್ಬರು ಕೂತು ದೇಶ ಪಾಲು ಮಾಡ್ತಾ ಇದ್ದಾರೆ" ಎನ್ನುತ್ತಿದ್ದರು.

ಅದು ನನ್ನ ಎಂ.ಎ. ಪ್ರಬಂಧದ ವಿಷಯ. ಎರಡನೇ ಮಹಾಯುದ್ಧ ಇನ್ನೂ ನಡೆಯುತ್ತಿದ್ದಾಗಲೇ ಮಿತ್ರರಾಷ್ಟ್ರಗಳ ಮೂವರು ನಾಯಕರು ಟೆಹರಾನಿನಲ್ಲಿ, ಆಮೇಲೆ ಯಾಲ್ಟಾದಲ್ಲಿ ಕೂತು ಯುದ್ಧ ಮುಗಿದ ಮೇಲಿನ ಜಗತ್ತು ಹೇಗಿರಬೇಕೆಂದು ಮಾತಾಡಿಕೊಂಡರು. ಅವರಲ್ಲೊಬ್ಬರು ಮೂರು ಬೆಂಕಿಕಡ್ಡಿ ಇಟ್ಟು, ಪೋಲೆಂಡ್ ದೇಶವನ್ನು ಪಶ್ಚಿಮಕ್ಕೆ ಹೀಗೆ ಸರಿಸಬಹುದು ಎಂದು ತೋರಿಸಿದರಂತೆ. ಇದನ್ನು ನಾನು ದೊಡ್ಡಮ್ಮನಿಗೆ ವರ್ಣಿಸಿ ಹೇಳಿದ್ದೆ.

"ಆ ದೇಶದವರು ಎಲ್ಲಿ ಕೂತಿದ್ರು?" ಎಂದು ಕೇಳಿದರು.

"ಅವರನ್ನು ಕರೆದಿರಲಿಲ್ಲ ದೊಡ್ಡಮ್ಮ. ಅವರ ಸೈನಿಕರು ಇಟಲಿಯಲ್ಲಿ ಇವರ ಪರವಾಗಿಯೇ ಹೋರಾಡ್ತಿದ್ರು."

"ಇವರಿಗೋಸ್ಕರ ಸಾಯ್ಲಿಕ್ಕೆ ಬೇಕು, ಕೂತು ಮಾತಾಡ್ಲಿಕ್ಕೆ ಬೇಡ. ಚಂದ ಉಂಟು ನಿನ್ನ ಪಾಠ!"

ಕಲ್ಯಾಣದ ಒಂದು ಕಾಲೇಜಿನಲ್ಲಿ ಗಂಟೆ ಲೆಕ್ಕದ ಉಪನ್ಯಾಸಕನಾಗಿ ಸೇರಿದ ಮೇಲೆ ವರ್ಷವೂ ಈ ಪಾಠ ಮಾಡಿದ್ದೇನೆ. ದೊಡ್ಡ ಶತ್ರುವಿನ ಎದುರು ಒಟ್ಟಾದವರಿಗೆ ಶತ್ರುವಿನಷ್ಟೇ ಭಯ ತಮ್ಮೊಳಗಿನ ಒಬ್ಬ ಬಿಟ್ಟುಹೋದಾನೆಂಬುದರ ಬಗ್ಗೆ ಇರುತ್ತದೆ, ಅವನನ್ನು ಉಳಿಸಿಕೊಳ್ಳಲು ಮೇಜಿನ ಬಳಿ ಇಲ್ಲದವರ ಸೊತ್ತನ್ನು ಕೊಡುತ್ತಾರೆ ಎಂದು ಬೋರ್ಡಿನ ಮೇಲೆ ಬರೆದು ಕಲಿಸಿದ್ದೇನೆ. ವಿದ್ಯಾರ್ಥಿಗಳು ಅದನ್ನು ಬರೆದುಕೊಂಡು ಪಾಸಾಗಿದ್ದಾರೆ.

ದೊಡ್ಡಮ್ಮನ ರೂಮಿನ ಸಂಗತಿ ಹೇಳಬೇಕು. ಆ ರೂಮಿನ ಬಾಡಿಗೆ ಹಕ್ಕು ಅವರ ಸೋದರಮಾವನದು. ನಮ್ಮ ಕಡೆಯ ಅಳಿಯಸಂತಾನದ ಕಟ್ಟಿನಲ್ಲಿ ಮಾವನದ್ದು ಅಕ್ಕ-ತಂಗಿಯರ ಮಕ್ಕಳಿಗೆ ಬರುತ್ತದೆ. ಮಾವ ಸಾಯುವ ಮೊದಲು ಕಟ್ಟಡದ ನಮ್ಮವರನ್ನೆಲ್ಲ ಕರೆದು, ಎಲ್ಲರ ಎದುರು ಬೀಗದ ಕೈಯನ್ನು ತಂಗಿಯ ಮಗಳಾದ ದೊಡ್ಡಮ್ಮನ ಕೈಗೆ ಕೊಟ್ಟಿದ್ದರು. ನಮ್ಮವರ ಮಟ್ಟಿಗೆ ವಿಷಯ ಅಲ್ಲಿಗೆ ಮುಗಿಯಿತು. ಬಾಡಿಗೆ ರಸೀದಿ ಮಾತ್ರ ಸತ್ತ ಮಾವನ ಹೆಸರಿನಲ್ಲೇ ಬರುತ್ತಿತ್ತು. ಸರ್ಕಾರದ ಕಾನೂನಿನಲ್ಲಿ ವಾರಸುದಾರರು ಮಾವನ ಮಕ್ಕಳು ಎಂಬುದನ್ನು ಯಾರೂ ಯೋಚಿಸಲಿಲ್ಲ. ಇಡೀ ಕಟ್ಟಡಕ್ಕೆ ಗೊತ್ತಿದ್ದ ಸಂಗತಿಗೆ ಕಾಗದ ಮಾಡಿಸುವುದು ಮಾವನಿಗೆ ಮಾಡುವ ಅವಮಾನ ಎಂಬಂತೆ ಇದ್ದರು. ನಾನೂ ಹಾಗೆಯೇ ಇದ್ದೆ, ಡಿಗ್ರಿ ಇಟ್ಟುಕೊಂಡು.

ಆಮೇಲೆ ಕಟ್ಟಡವನ್ನು ಬಿಲ್ಡರ್ ಕೊಂಡ. ಅಪಾಯಕಾರಿ ಕಟ್ಟಡವೆಂದು ನೋಟಿಸು ಅಂಟಿತು, ನೀರು ಒಂದು ದಿನ ಬಿಟ್ಟು ಒಂದು ದಿನ ಬರತೊಡಗಿತು. ಒಬ್ಬೊಬ್ಬರನ್ನೇ ಕರೆದು ಸಹಿ ಹಾಕಿಸಿಕೊಂಡು ಹೊರಗೆ ಹಾಕುವುದು ಅವನ ಉಪಾಯ. ಅದಕ್ಕೆ ನಾವು ಒಕ್ಕೂಟ ಮಾಡಿದೆವು. ಹೊಸ ಕಟ್ಟಡದಲ್ಲಿ ಎಲ್ಲರಿಗೂ ಮನೆ ಎಂದು ಬರೆದುಕೊಡುವವರೆಗೆ ಯಾರೂ ಒಬ್ಬರೇ ಸಹಿ ಹಾಕಬಾರದು ಎಂದು ಆಣೆಯಾಯಿತು. ಮೊದಲ ಮಾಳಿಗೆಯ ನಮ್ಮವರ ಪರವಾಗಿ ಹೋಟೆಲಿನಲ್ಲಿ ಕ್ಯಾಶಿಯರ್ ಆಗಿದ್ದ ಅಣ್ಣ. ಎರಡನೇ ಮಾಳಿಗೆಯ ಮರಾಠಿಯವರ ಪರವಾಗಿ ರೈಲ್ವೆಯಲ್ಲಿ ನಿವೃತ್ತರಾದ ಕಾಕಾ. ರಸ್ತೆಮಟ್ಟದ ತಳಮಾಳಿಗೆಯ ಅಂಗಡಿಗಳ ಪರವಾಗಿ ಕಿರಾಣಿ ಅಂಗಡಿಯ ಸೇಠ್. ಎಲ್ಲ ಭಾಷೆ ಬಲ್ಲವನೂ ಓದಿದವನೂ ನಾನೆಂದು ನಡಾವಳಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

ನಗರಪಾಲಿಕೆಯ ಎದುರು ಧರಣಿ ಕೂತಾಗ ಮೊದಲ ಸಾಲಿನಲ್ಲಿ ಕೂತದ್ದು ದೊಡ್ಡಮ್ಮ. ಪೊಲೀಸಿನವ ಏಳಿ ಎಂದರೆ, "ಕಾಲು ಹಿಡಿದುಕೊಂಡಿದೆ ಮಾರಾಯ, ನೀನೇ ಎತ್ತು" ಎಂದು ಕೈ ಚಾಚಿದ್ದರು. ಅವನಿಗೆ ಕನ್ನಡ ತಿಳಿಯದಿದ್ದರೂ ನಗು ಬಂತು.

ಬಿಲ್ಡರ್ ಸೋಲುವ ಸೂಚನೆ ಕಂಡದ್ದೇ ಒಕ್ಕೂಟದಲ್ಲಿ ಬೇರೆ ಮಾತು ಶುರುವಾಯಿತು. ಹೊಸ ಕಟ್ಟಡದಲ್ಲಿ ಯಾರಿಗೆ ಎಷ್ಟನೇ ಮಾಳಿಗೆ? ಗಾಳಿ ಬರುವ ಬದಿ ಯಾರಿಗೆ? ಆಗಲೇ ದೊಡ್ಡಮ್ಮ ನನ್ನನ್ನು ಕರೆದು, ಇನ್ನು ರೂಮಿಗೆ ಕಾಗದ ಕೇಳುತ್ತಾರೆ, ಮಾವನ ಮಕ್ಕಳಿಬ್ಬರ ಒಪ್ಪಿಗೆ ಪತ್ರ ತರಲು ಊರಿಗೆ ಹೊರಟಿದ್ದೇನೆ ಎಂದರು. ಒಬ್ಬ ಊರಿನಲ್ಲೇ ಇದ್ದ. ಇನ್ನೊಬ್ಬ ದುಬೈಯಿಂದ ಬರುವವನಿದ್ದ.

"ನಾನು ಬರುವವರೆಗೆ ಏನೂ ಆಗ್ಲಿಕ್ಕಿಲ್ಲ ಅಲ್ವಾ?"

"ನಾನಿದ್ದೇನಲ್ಲ ದೊಡ್ಡಮ್ಮ" ಎಂದೆ.

ಎರಡು ವಾರದ ಮೇಲೆ, ಒಂದು ಭಾನುವಾರ ಬೆಳಿಗ್ಗೆ ಫೋನು ಮಾಡಿದರು. "ಒಬ್ಬ ಸಹಿ ಹಾಕಿದ. ದುಬೈಯವ ಬರುವ ಶುಕ್ರವಾರ ಬರ್ತಾನಂತೆ. ಅಲ್ಲಿ ಎಂತ ಸುದ್ದಿ?"

"ಏನಿಲ್ಲ, ನಿಧಾನವಾಗಿ ಬನ್ನಿ" ಎಂದೆ. ಅದೇ ದಿನ ಹತ್ತು ಗಂಟೆಗೆ ಕಾಕಾನ ಮನೆಯಲ್ಲಿ ಸಭೆ ಇತ್ತು. ನಾನು ಅದನ್ನು ಹೇಳಲಿಲ್ಲ.

ಸಭೆಯಲ್ಲಿ ಸೇಠ್ ಚಹಾ ಮುಟ್ಟಲಿಲ್ಲ. ಬಿಲ್ಡರ್ ತನ್ನೊಬ್ಬನ ಜೊತೆ ಒಪ್ಪಂದಕ್ಕೆ ತಯಾರಿದ್ದಾನೆ, ರಸ್ತೆ ಬದಿಯ ಮೂಲೆಯ ಜಾಗ ಕೊಡುತ್ತಾನಂತೆ ಎಂದ. "ನೀವು ಅದನ್ನೇ ಕೊಟ್ಟರೆ ನಿಮ್ಮ ಜೊತೆ ಇರ್ತೇನೆ. ಇಲ್ಲದಿದ್ದರೆ ನಾಳೆ ಸಹಿ ಹಾಕ್ತೇನೆ." ಸೇಠನ ಹಿಂದೆ ತಳಮಾಳಿಗೆಯ ಅಂಗಡಿಗಳೆಲ್ಲ ಹೋಗುತ್ತವೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಅವರು ಹೋದರೆ ಒಕ್ಕೂಟ ಮುರಿದಂತೆ. ಮೂಲೆಯ ಜಾಗ ಎಂದರೆ ದೊಡ್ಡಮ್ಮನ ರೂಮು.

ಕ್ಯಾಶಿಯರ್ ಅಣ್ಣ ನೆಲ ನೋಡುತ್ತ, "ಕಾಗದವೂ ಇಲ್ಲ ಅವರ ಹತ್ರ. ನಾವೆಂತ ಮಾಡುವ?" ಎಂದರು. ಆ ರೂಮಿನ ಬೀಗದ ಕೈ ಕೊಟ್ಟ ದಿನ ಅಲ್ಲಿ ನಿಂತಿದ್ದವರಲ್ಲಿ ಅವರೂ ಒಬ್ಬರು.

ಆಮೇಲೆ ಮೂವರೂ ನನ್ನ ಮುಖ ನೋಡಿದರು. ಐದು ದಿನ ತಡೆಯಿರಿ ಎಂದು ಹೇಳಬಹುದಿತ್ತು, ಅಲ್ಲಿಂದಲೇ ಫೋನು ಮಾಡಿ ಅವರನ್ನೇ ಮಾತಾಡಿಸಬಹುದಿತ್ತು. ನಾನು ಮಾಡಿದ್ದು ಬೇರೆ. ಪೆನ್ನು ತೆಗೆದು ಬರೆದೆ: ಮೂಲೆಯ ಜಾಗ ಹೊಸ ಕಟ್ಟಡದಲ್ಲಿ ಅಂಗಡಿಗೆ. ಆ ರೂಮಿನಲ್ಲಿ ಈಗ ಇರುವವರ ಹಕ್ಕನ್ನು ಕಾಗದಪತ್ರ ನೋಡಿ ನಂತರ ನಿರ್ಧರಿಸತಕ್ಕದ್ದು.

ಯಾರನ್ನೂ ಇಲ್ಲವೆನ್ನದ, ಯಾರಿಗೂ ಏನನ್ನೂ ಕೊಡದ ಇಂಥ ವಾಕ್ಯಗಳನ್ನು ನಾನು ಯಾಲ್ಟಾದ ಕಾಗದಗಳಲ್ಲಿ ಓದಿದ್ದೆ. ಅಲ್ಲಿಯೂ ಪೋಲೆಂಡಿನವರಿಗೆ ಆದಷ್ಟು ಬೇಗ ಚುನಾವಣೆ ಎಂದು ಬರೆದಿಟ್ಟಿದ್ದರು. ಆ ಮಾತು ಹೇಗೆ ಸುಳ್ಳಾಯಿತೆಂದು ಪ್ರಬಂಧದಲ್ಲಿ ಒಂದು ಅಧ್ಯಾಯವನ್ನೇ ಬರೆದವನು ನಾನು. ಸಾಲನ್ನು ಮರಾಠಿಗೆ, ಹಿಂದಿಗೆ ಹೇಳಿದಾಗ ಮೂವರ ಮುಖವೂ ಸಡಿಲವಾಯಿತು. ಕಾಕಾ ನನ್ನ ಬೆನ್ನು ತಟ್ಟಿ, "ವ್ಹಾ ಸರ್! ಪ್ರೊಫೆಸರ್ ಮ್ಹಣಜೆ ಪ್ರೊಫೆಸರ್!" ಪ್ರೊಫೆಸರ್ ಎಂದರೆ ಪ್ರೊಫೆಸರೇ ಎಂದರು. ಕಾಲೇಜಿನಲ್ಲಿ ನನ್ನನ್ನು ಯಾರೂ ಹಾಗೆ ಕರೆಯುತ್ತಿರಲಿಲ್ಲ. ಖುಷಿಯಾಯಿತು. ಇದನ್ನೂ ಬರೆದೇ ಬಿಡುತ್ತೇನೆ: ಅದೇ ಪಟ್ಟಿಯಲ್ಲಿ ಅಪ್ಪನ ಹೆಸರಿನ ಎದುರು ಎರಡು ಕೋಣೆಯ ಮನೆ ಇತ್ತು. ಅಮ್ಮನಿಗೆ ಬೇರೆಯೇ ಅಡುಗೆಮನೆ ಆಗುವುದಿತ್ತು.

ಬುಧವಾರ ಬಿಲ್ಡರ್ ಒಪ್ಪಿದ, ಗುರುವಾರ ನೋಂದಣಿಯಾಯಿತು. ನಾವು ಗೆದ್ದೆವು. ಪೇಢೆ ಹಂಚಿದರು.

ದೊಡ್ಡಮ್ಮ ಬಂದದ್ದು ಭಾನುವಾರ. ಎರಡೂ ಸಹಿ ಇದ್ದ ಕಾಗದವನ್ನು ಪ್ಲಾಸ್ಟಿಕ್ ಲಕೋಟೆಯಲ್ಲಿಟ್ಟು, ಬಟ್ಟೆ ಸುತ್ತಿ ತಂದಿದ್ದರು. ಯಾರೋ ಮೆಟ್ಟಿಲಿನಲ್ಲೇ ಸುದ್ದಿ ಹೇಳಿಬಿಟ್ಟಿದ್ದರು. ನೇರ ನಮ್ಮ ಬಾಗಿಲಿಗೆ ಬಂದು, "ನೀನು ಬರೆದದ್ದನ್ನು ಓದು" ಎಂದರು.

ಓದಿದೆ.

"ನಂತರ ಅಂದ್ರೆ ಯಾವಾಗ?"

"ಈಗ ಕಾಗದ ಬಂತಲ್ಲ ದೊಡ್ಡಮ್ಮ, ಹೋಗಿ ತೋರಿಸುವ."

ಮಹಾಪೆಯಲ್ಲಿದ್ದ ಬಿಲ್ಡರನ ಕಚೇರಿಗೆ ಹೋದೆವು. ಅಲ್ಲಿಯ ಗುಮಾಸ್ತ ಕಾಗದವನ್ನು ಎರಡು ಸಲ ಓದಿ, ಸರಿಯಾಗಿದೆ ಎಂದ. ಆಮೇಲೆ ಒಪ್ಪಂದ ತೆಗೆದು ನನ್ನ ಕಡೆ ತಿರುಗಿಸಿದ. "ಲೇಕಿನ್ ಸರ್, ಯೇ ಲಿಸ್ಟ್ ತೊ ಆಪ್ ಲೋಗೋಂ ನೇ ದೀ ಹೈ." ಪಟ್ಟಿ ಕೊಟ್ಟವರು ನೀವೇ; ಅದರಲ್ಲಿ ಮನೆಗಳೆಲ್ಲ ಹಂಚಿ ಮುಗಿದಿವೆ; ಒಕ್ಕೂಟದಲ್ಲಿ ಯಾರಾದರೂ ತಮ್ಮದನ್ನು ಬಿಟ್ಟುಕೊಟ್ಟರೆ ತನ್ನ ಅಭ್ಯಂತರವಿಲ್ಲ ಎಂದ. ಒಕ್ಕೂಟವನ್ನು ಮತ್ತೆ ಸೇರಿಸಲು ಮೂರು ಭಾನುವಾರ ಓಡಾಡಿದೆ. ಯುದ್ಧ ಮುಗಿದಿತ್ತು, ಯಾರೂ ಬರಲಿಲ್ಲ. ನಾನೂ ಅಪ್ಪನ ಮನೆಯನ್ನು ಬಿಡುತ್ತೇನೆ ಎನ್ನಲಿಲ್ಲ. ಕಲ್ಯಾಣದ ವಕೀಲರು, ಕೇಸು ಹಾಕಬಹುದು, ಆದರೆ ಈ ಅಮ್ಮನ ವಯಸ್ಸು ನೋಡಿಕೊಳ್ಳಿ ಎಂದರು. ಹೊರಗೆ ಬಂದು ದೊಡ್ಡಮ್ಮ, "ಅವರು ಹೇಳಿದ್ದು ಮರ್ಯಾದೆಯಿಂದ. ಅಷ್ಟು ಸಾಕು" ಎಂದರು.

ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. ಕ್ಯಾಶಿಯರ್ ಅಣ್ಣನನ್ನು ಮೆಟ್ಟಿಲಿನಲ್ಲಿ ನಿಲ್ಲಿಸಿ ಬೈದರು. ನನಗೆ ಬೈಯಲಿಲ್ಲ. ಓದಿದ ಹುಡುಗ, ಬೇರೆಯವರು ಹೇಳಿದ್ದನ್ನು ಬರೆದಿದ್ದಾನೆ ಎಂದೇ ತಿಳಿದುಕೊಂಡರು. ಸಾಲು ನನ್ನದೇ ಎಂದು ಹೇಳಲು ಎರಡು ಸಲ ಬಾಯಿ ತೆರೆದೆ. ಎರಡು ಸಲವೂ ಬೇರೇನೋ ಮಾತಾಡಿದೆ.

ಎರಡು ಸ್ಟೇಷನ್ ಆಚೆಯ ದಿವಾದಲ್ಲಿ ಅವರಿಗೆ ಒಂದು ಬಾಡಿಗೆ ರೂಮು ಹುಡುಕಿದ್ದು ನಾನೇ. ಮೂರನೇ ಮಾಳಿಗೆ, ಕಿಟಕಿ ತೆರೆದರೆ ಇನ್ನೊಂದು ಕಟ್ಟಡದ ಗೋಡೆ. ಅಲ್ಲಿ ಹಿಟ್ಟು ಕೊಳ್ಳಲು ಯಾರೂ ಹತ್ತಿ ಬರುವುದಿಲ್ಲ. ಗ್ರೈಂಡರ್ ಮಾರಿ ಬಂದಿದ್ದರು. ಬಾಡಿಗೆ ಕರಾರು ಮಾಡಿಸಲು ಏಜೆಂಟ್ ಲ್ಯಾಪ್‌ಟಾಪು, ಬೆರಳಚ್ಚಿನ ಯಂತ್ರ ಹಿಡಿದು ಬಂದ.

"ನೀನೇ ಎಲ್ಲ ಹೇಳಿ ಬರೆಸು ಮಗಾ" ಎಂದರು ದೊಡ್ಡಮ್ಮ. "ನನ್ನ ಹೆಸರು ಸರಿಯಾಗಿ ಬಂದಿದೆಯಾ ನೋಡು."

ಸರಿಯಾಗಿ ಬಂದಿತ್ತು.

"ಎಷ್ಟು ಸಮಯಕ್ಕೆ?"

"ಹನ್ನೊಂದು ತಿಂಗಳು."

"ಅದು ಕಳೆದ ಮೇಲೆ?"

"ಮಾಲಕರು ಒಪ್ಪಿದರೆ ಮತ್ತೆ ಬರೆಯುವುದು."

ಸಾಕ್ಷಿಯ ಜಾಗದಲ್ಲಿ ನಾನು ಬೆರಳಿಟ್ಟೆ. ಯಂತ್ರ ಒಂದೇ ಸಲಕ್ಕೆ ಹಿಡಿಯಿತು. ದೊಡ್ಡಮ್ಮನ ಬೆರಳನ್ನು ಹಿಡಿಯಲಿಲ್ಲ. ಅಷ್ಟು ವರ್ಷ ಅಕ್ಕಿ ತೊಳೆದು, ಹಿಟ್ಟು ಬಳಿದು ಗೆರೆಗಳು ಸವೆದಿದ್ದವು. ಏಜೆಂಟ್ ಗಾಜು ಒರೆಸಿ, "ಮೌಶಿ, ಫಿರ್ ಸೆ" ಎಂದು ಇನ್ನೊಮ್ಮೆ ಒತ್ತಲು ಹೇಳಿದ. ಹೆಬ್ಬೆರಳು ಆಯಿತು, ತೋರುಬೆರಳು ಆಯಿತು, ಎಡಗೈಯೂ ಆಯಿತು.

"ಇದಕ್ಕೂ ನಾನು ಸಾಲುವುದಿಲ್ವಾ?" ಎಂದು ನನ್ನನ್ನು ಕೇಳಿ, ಉತ್ತರಕ್ಕೆ ಕಾಯದೆ ಸೆರಗಿನಲ್ಲಿ ಬೆರಳು ಉಜ್ಜಿಕೊಂಡು ಮತ್ತೆ ಒತ್ತಿದರು.